141ನೇ ಸ್ಥಾನದ ಸಂಬಳ

2021ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಮುಗಿಸಿದವರು 141 ಜನ. ಆ 141ನೇ ಜಾಗದಲ್ಲಿ, ಅಂದರೆ ಎಲ್ಲರಿಗಿಂತ ಕೊನೆಗೆ ಇದ್ದವರು ಬೆಲ್ಜಿಯಂನ ಟಿಮ್ ಡಿಕ್ಲರ್ಕ್. ಅದೇ ರೇಸಿನಲ್ಲಿ ಅವರದ್ದೇ ತಂಡದ ಮಾರ್ಕ್ ಕ್ಯಾವೆಂಡಿಶ್ 4 ಹಂತಗಳನ್ನು ಗೆದ್ದು, ಎಡ್ಡಿ ಮರ್ಕ್ಸ್ ಹೆಸರಲ್ಲಿದ್ದ 34 ಹಂತಗಳ ದಾಖಲೆಯನ್ನು ಸರಿಗಟ್ಟಿದರು. ಫೋಟೋ ಬಂದದ್ದು ಕ್ಯಾವೆಂಡಿಶ್ ಅವರದ್ದು. ಆದರೆ ಅವರು ಕೊನೆಯ 200 ಮೀಟರ್ ಜಿಗಿಯೋಕೆ ಮುಂಚೆ, ಗಂಟೆಗಟ್ಟಲೆ ಗುಂಪಿನ ಮುಂದೆ ನಿಂತು ಗಾಳಿಗೆ ಎದೆ ಕೊಟ್ಟವರಲ್ಲಿ ಡಿಕ್ಲರ್ಕ್ ಒಬ್ಬರು. ಸೈಕ್ಲಿಂಗ್ ನೋಡೋರು ಅವರನ್ನು ಪ್ರೀತಿಯಿಂದ 'ಟ್ರ್ಯಾಕ್ಟರ್' ಅಂತಾನೇ ಕರೀತಾರೆ.

ಈ ಲೇಖನ ಇಂಥ ಟ್ರ್ಯಾಕ್ಟರ್‌ಗಳ ಬಗ್ಗೆ. ಅವರ ಕೆಲಸ ಏನು, ಅವರಿಗೆ ಎಷ್ಟು ದುಡ್ಡು ಸಿಗುತ್ತೆ, ಆ ದುಡ್ಡು ಎಲ್ಲಿಂದ ಬರುತ್ತೆ, ಮತ್ತು ಚಿಕ್ಕಮಗಳೂರಿನಲ್ಲಿ ಕೂತಿರೋ ನಾವು ಅವರಿಗೆ ಯಾಕೆ ಶಿಳ್ಳೆ ಹೊಡೀಬೇಕು ಅನ್ನೋದು ವಿಷಯ. ಮೊದಲು ಸ್ವಲ್ಪ ಲೆಕ್ಕ ಇದೆ. ಭಯ ಬೇಡ, ಫಸ್ಟ್ ಸೆಮ್ ಫಿಸಿಕ್ಸ್ ಅಷ್ಟೇ.

ಗಾಳಿಯ ವಿರುದ್ಧ ಸೈಕಲ್ ತುಳಿಯಲು ಬೇಕಾದ ಪವರ್ ವೇಗದ ಘನಕ್ಕೆ ಅನುಪಾತದಲ್ಲಿರುತ್ತೆ. ಬಗ್ಗಿ ಕೂತ ಒಬ್ಬ ಸವಾರನ ಡ್ರ್ಯಾಗ್ ಏರಿಯಾ 0.32 ಚದರ ಮೀಟರ್ ಅಂತ ಇಟ್ಕೊಳ್ಳಿ, ಗಾಳಿಯ ಸಾಂದ್ರತೆ 1.2. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಳಿಗೇ ಸುಮಾರು 260 ವ್ಯಾಟ್ ಹೋಗುತ್ತೆ. 45ಕ್ಕೆ ಏರಿಸಿದರೆ ಸುಮಾರು 375 ವ್ಯಾಟ್. ಬರೀ 5 ಕಿ.ಮೀ. ಜಾಸ್ತಿ ಮಾಡಿದ್ದಕ್ಕೆ 110 ವ್ಯಾಟ್‌ಗಿಂತ ಹೆಚ್ಚು! ಈಗ ಇನ್ನೊಬ್ಬನ ಹಿಂದೆ ಒಂದು ಅಡಿ ಅಂತರದಲ್ಲಿ ಅಂಟಿಕೊಂಡು ಹೋದರೆ ಈ ಖರ್ಚಿನಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತೆ. ದೊಡ್ಡ ಗುಂಪಿನ ಒಳಗಿದ್ದರಂತೂ ಇನ್ನೂ ಮಜಾ. ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕನ್ ಮತ್ತು ಅವರ ಜೊತೆಗಾರರು 2018ರಲ್ಲಿ 121 ಸವಾರರ ಗುಂಪನ್ನು ವಿಂಡ್ ಟನಲ್‌ನಲ್ಲೂ ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲೂ ಅಳೆದು ನೋಡಿದರು. ಗುಂಪಿನ ನಡು-ಹಿಂಭಾಗದಲ್ಲಿ ಇರುವವನಿಗೆ ಬೀಳುವ ಗಾಳಿಯ ಎಳೆತ, ಒಬ್ಬನೇ ಹೋಗುವವನಿಗೆ ಬೀಳುವುದರ 5ರಿಂದ 10 ಪರ್ಸೆಂಟ್ ಮಾತ್ರ. ಮೆಕ್ಯಾನಿಕಲ್ ಬ್ರಾಂಚಿನವರು ಈ ಪೇಪರ್ ಹುಡುಕಿ ಓದಿ, ಸಿಎಫ್‌ಡಿ ಯಾಕೆ ಕಲೀಬೇಕು ಅನ್ನೋ ಪ್ರಶ್ನೆಗೆ ಉತ್ತರ ಅಲ್ಲಿದೆ.

ಇದರಿಂದ ಒಂದು ವಿಚಿತ್ರ ಆಗುತ್ತೆ. ರೇಸ್ ಗೆಲ್ಲಬೇಕಾದವನು ದಿನವಿಡೀ ಬಚ್ಚಿಟ್ಟುಕೊಂಡು ಬರಬೇಕು. ಅವನ ಪಾಲಿನ ಗಾಳಿಯನ್ನು ಇನ್ಯಾರೋ ತಿನ್ನಬೇಕು. ಆ ಇನ್ಯಾರೋ ಇದ್ದಾನಲ್ಲ, ಅವನಿಗೆ ಸೈಕ್ಲಿಂಗ್ ಭಾಷೆಯಲ್ಲಿ 'ಡೊಮೆಸ್ಟಿಕ್' ಅಂತ ಹೆಸರು. ಫ್ರೆಂಚಿನಲ್ಲಿ ಮನೆಯಾಳು ಅಂತ ಅರ್ಥ. ನೀರಿನ ಬಾಟಲಿ ಬೇಕಾ? ಇವನು ಹಿಂದೆ ತಂಡದ ಕಾರಿಗೆ ಹೋಗಿ, ಜೆರ್ಸಿ ಒಳಗೆಲ್ಲಾ ಏಳೆಂಟು ಬಾಟಲಿ ತುರುಕಿಕೊಂಡು ಮತ್ತೆ ಮುಂದೆ ಬರ್ತಾನೆ. ನಾಯಕನ ಚಕ್ರ ಪಂಕ್ಚರ್ ಆಯ್ತಾ? ತನ್ನ ಚಕ್ರ ಬಿಚ್ಚಿ ಕೊಡ್ತಾನೆ. ಕೆಲಸ ಮುಗಿದ ಮೇಲೆ ಉಸಿರು ಖಾಲಿಯಾಗಿ ಹಿಂದೆ ಉಳೀತಾನೆ. ರಿಸಲ್ಟ್ ಶೀಟಿನಲ್ಲಿ ಅವನು 98ನೆಯವನು, 120ನೆಯವನು, 141ನೆಯವನು.

ಟೂರ್‌ನಲ್ಲಿ ಕೊನೆಯವನಿಗೆ 'ಕೆಂಪು ಲಾಟೀನು' ಅಂತ ಹಳೇ ಅಡ್ಡಹೆಸರಿದೆ. ರೈಲಿನ ಕೊನೆಯ ಬೋಗಿಗೆ ನೇತುಹಾಕುತ್ತಿದ್ದ ಕೆಂಪು ದೀಪದಿಂದ ಬಂದದ್ದು. ಕಡೂರು ಸ್ಟೇಷನ್ನಿನಲ್ಲಿ ರೈಲು ಹೋಗೋದನ್ನ ನೋಡಿದ್ದರೆ ನಿಮಗೂ ಗೊತ್ತು, ಹಿಂದಿನ ಬೋಗಿಗೆ 'ಎಲ್‌ವಿ' ಅಂತ ಒಂದು ಹಳದಿ ಬೋರ್ಡ್ ಇರುತ್ತೆ. ಅದು ಅವಮಾನದ ಬೋರ್ಡ್ ಅಲ್ಲ. ರೈಲು ಪೂರ್ತಿಯಾಗಿ ಬಂತು, ನಡುವೆ ಎಲ್ಲೂ ಬೋಗಿ ಕಳಚಿಲ್ಲ ಅನ್ನೋದಕ್ಕೆ ಸ್ಟೇಷನ್ನಿನವರು ನೋಡೋ ಗುರುತು.

ಇನ್ನು ಏರುದಾರಿ. ಚಿಕ್ಕಮಗಳೂರು ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ, ಮುಳ್ಳಯ್ಯನಗಿರಿ 1,930 ಮೀಟರ್. ತುದಿಗೆ ಸೈಕಲ್ ಹೋಗಲ್ಲ, ಕೊನೆಗೆ ಮೆಟ್ಟಿಲು ಹತ್ತಬೇಕು. ಹಾಗಾಗಿ ಸೈಕಲ್ ಮೇಲೆ 750 ಮೀಟರ್ ಏರಿಕೆ ಅಂತ ಇಟ್ಕೊಳ್ಳೋಣ. ಸವಾರ 68 ಕೆ.ಜಿ., ಸೈಕಲ್ 7 ಕೆ.ಜಿ. (ಅಂತರರಾಷ್ಟ್ರೀಯ ನಿಯಮದ ಪ್ರಕಾರ 6.8ಕ್ಕಿಂತ ಹಗುರ ಇರೋ ಹಾಗಿಲ್ಲ). ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ 75 × 9.8 × 750, ಅಂದರೆ ಸುಮಾರು 551 ಕಿಲೋಜೂಲ್. ಗಾಳಿ, ಟೈರಿನ ಘರ್ಷಣೆ ಎಲ್ಲ ಬಿಟ್ಟು ಲೆಕ್ಕ ಹಾಕಿದರೂ, 150 ವ್ಯಾಟ್ ತುಳಿಯುವವನಿಗೆ 61 ನಿಮಿಷ ಬೇಕು. 350 ವ್ಯಾಟ್ ತುಳಿಯುವವನಿಗೆ 26 ನಿಮಿಷ ಸಾಕು. ನಮ್ಮ ಹಾಸ್ಟೆಲಿನ ಹುಡುಗರು ಜಿಮ್ ಸೈಕಲ್ ಮೇಲೆ 350 ವ್ಯಾಟ್ ಎಷ್ಟು ಹೊತ್ತು ಹಿಡೀತಾರೆ ಅಂತ ಟ್ರೈ ಮಾಡಿ ನೋಡಲಿ. ನಾನು ಎರಡು ನಿಮಿಷ ಅಂತ ಬೆಟ್ ಕಟ್ತೀನಿ. ಟೂರ್‌ನ ಕೊನೆಯ ಸವಾರನೂ ನಮ್ಮ ಗಿರಿಯಲ್ಲಿ ನಮ್ಮನ್ನು ಕೈಮರ ಚೆಕ್‌ಪೋಸ್ಟಿನ ಹತ್ತಿರಾನೇ ಬಿಟ್ಟು ಹೋಗಿರ್ತಾನೆ.

ಈಗ ದುಡ್ಡು. ಇದು ನನಗೆ ತುಂಬಾ ಇಂಟರೆಸ್ಟಿಂಗ್ ಅನ್ನಿಸಿದ ಭಾಗ.

ಐಪಿಎಲ್ ಮ್ಯಾಚಿಗೆ ಹೋದರೆ ಟಿಕೆಟ್ ತಗೋತೀವಿ. ಟಿವಿ ಹಕ್ಕಿನ ದುಡ್ಡಿನಲ್ಲಿ ಬಿಸಿಸಿಐ ತಂಡಗಳಿಗೂ ಪಾಲು ಕೊಡುತ್ತೆ. ಸೈಕಲ್ ರೇಸ್ ನಡೆಯೋದು ರಸ್ತೆ ಮೇಲೆ. ರಸ್ತೆ ಬದಿ ನಿಲ್ಲೋಕೆ ಯಾರು ಟಿಕೆಟ್ ಕೊಡ್ತಾರೆ? ಟೂರ್ ಡಿ ಫ್ರಾನ್ಸಿನ ಟಿವಿ ಹಕ್ಕಿನ ಹಣ ರೇಸ್ ನಡೆಸುವ ಕಂಪನಿಗೆ ಹೋಗುತ್ತೆ, ತಂಡಗಳಿಗಲ್ಲ. ಹಾಗಾದರೆ ತಂಡಕ್ಕೆ ಉಳಿಯೋದು ಪ್ರಾಯೋಜಕರು ಮಾತ್ರ. ಅದಕ್ಕೇ ಸೈಕ್ಲಿಂಗ್ ತಂಡಗಳಿಗೆ ಊರಿನ ಹೆಸರಿಲ್ಲ, ಹೋಟೆಲ್, ಲಾಟರಿ, ಸೈಕಲ್ ಕಂಪನಿಗಳ ಹೆಸರಿದೆ. ಪ್ರಾಯೋಜಕ ಕೈ ಎತ್ತಿದರೆ ತಂಡವೇ ಇಲ್ಲ. 2022ರ ಕೊನೆಯಲ್ಲಿ ಫ್ರಾನ್ಸಿನ ಬಿ ಅಂಡ್ ಬಿ ಹೋಟೆಲ್ಸ್ ತಂಡ ಹೀಗೇ ಮುಚ್ಚಿಹೋಯ್ತು. ಅಲ್ಲಿ ಸೇರಬೇಕಿದ್ದ ಕ್ಯಾವೆಂಡಿಶ್ ಅಂಥವರಿಗೆ ಬೇರೆ ತಂಡ ಸಿಕ್ಕಿತು. ಡಿಸೆಂಬರಿನಲ್ಲಿ, ಎಲ್ಲಾ ತಂಡಗಳೂ ಭರ್ತಿಯಾದ ಮೇಲೆ, ಹೆಸರಿಲ್ಲದವರು ಬೀದಿಗೆ ಬಿದ್ದರೆ ಕಥೆ ಬೇರೆ.

ಬಹುಮಾನದ ಹಣ? ಟೂರ್ ಗೆದ್ದವರಿಗೆ 5 ಲಕ್ಷ ಯೂರೋ, ಒಂದು ಹಂತ ಗೆದ್ದರೆ 11,000 ಯೂರೋ. ಅದನ್ನೂ ಗೆದ್ದವನು ಒಬ್ಬನೇ ಇಟ್ಟುಕೊಳ್ಳಲ್ಲ, ತಂಡದವರಿಗೆ, ಮೆಕ್ಯಾನಿಕ್‌ಗಳಿಗೆ ಎಲ್ಲ ಹಂಚೋದು ಪದ್ಧತಿ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ತುಳಿದು ಕೊನೆಯವನಾಗಿ ಬಂದವನ ಹೆಸರಿಗೆ ಬರೋದು 1,000 ಯೂರೋ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ಆಸುಪಾಸು.

ಸಂಬಳಕ್ಕೆ ಒಂದು ಕನಿಷ್ಠ ಮಿತಿ ಇದೆ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ನಿಗದಿ ಮಾಡಿದ್ದು. 2020ರಲ್ಲಿ ಪುರುಷರ ಅತ್ಯುನ್ನತ ದರ್ಜೆಯಲ್ಲಿ ವರ್ಷಕ್ಕೆ ಸುಮಾರು 40,000 ಯೂರೋ ಇತ್ತು, ಹೊಸಬರಿಗೆ ಸುಮಾರು 32,000. ಪ್ಲೇಸ್‌ಮೆಂಟ್ ಕನಸಿನಲ್ಲಿರುವ ನಮಗೆ 'ಅಯ್ಯೋ, 30 ಲಕ್ಷ ಪ್ಯಾಕೇಜ್, ಇದು ಕಡಿಮೆನಾ?' ಅನ್ನಿಸುತ್ತೆ. ಯೂರೋಪಿನ ಬಾಡಿಗೆ, ಊಟದ ಖರ್ಚಿನ ಎದುರು ಇಟ್ಟು ನೋಡಿ. ಮೇಲಾಗಿ ಈ ಕೆಲಸ ಹೆಚ್ಚೆಂದರೆ ಹತ್ತು-ಹದಿನೈದು ವರ್ಷ, ಕಾಂಟ್ರಾಕ್ಟ್ ಒಂದೆರಡು ವರ್ಷಕ್ಕೊಮ್ಮೆ, ಕಾಲರ್‌ಬೋನ್ ಮುರಿಯೋದು ಮಾಮೂಲು. ಮಹಿಳೆಯರಿಗಂತೂ 2020ರವರೆಗೆ ಕನಿಷ್ಠ ಸಂಬಳ ಅನ್ನೋದೇ ಇರಲಿಲ್ಲ. ಆ ವರ್ಷ 15,000 ಯೂರೋದಿಂದ ಶುರುವಾಗಿ, 2021ರಲ್ಲಿ 20,000, 2022ರಲ್ಲಿ 27,500, 2023ರಲ್ಲಿ 32,102 ಆಯ್ತು. ಅದೂ ಮೇಲಿನ ದರ್ಜೆಯ ತಂಡಗಳಿಗೆ ಮಾತ್ರ. ಪುರುಷರಲ್ಲಿ ಮೂರನೇ ದರ್ಜೆಯಾದ ಕಾಂಟಿನೆಂಟಲ್ ತಂಡಗಳಿಗೆ ಯುಸಿಐನ ಕನಿಷ್ಠ ಸಂಬಳವೇ ಇಲ್ಲ. ಸೈಕಲ್ಲು, ಜೆರ್ಸಿ, ಪ್ರಯಾಣದ ಖರ್ಚು ಸಿಕ್ಕಿದರೆ ಸಾಕು ಅಂತ ಓಡೋರು ಅಲ್ಲಿದ್ದಾರೆ, ಅವರಿಗೂ ಬಿರುದು 'ಪ್ರೊಫೆಷನಲ್' ಅಂತಲೇ.

ಆ ಮೂರನೇ ದರ್ಜೆಯಲ್ಲೇ ನಮ್ಮ ಕರ್ನಾಟಕದ ಒಬ್ಬರು ಬರ್ತಾರೆ, ನವೀನ್ ಜಾನ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು, ಸೈಕಲ್ ರೇಸಿಂಗ್ ಹಿಡಿದದ್ದೂ ಅಲ್ಲೇ. ಬೆಂಗಳೂರಿಗೆ ಬಂದು 2014ರಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆದರು. ಆಸ್ಟ್ರೇಲಿಯಾದ ಒಂದು ಕಾಂಟಿನೆಂಟಲ್ ತಂಡಕ್ಕೆ ಸೇರಿದರು. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಜೆರ್ಸಿ ಹಾಕಿ ಟೈಮ್ ಟ್ರಯಲ್ ಓಡಿದರು. ಟೈಮ್ ಟ್ರಯಲ್ ಅಂದರೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡೋ ರೇಸು, ಅಲ್ಲಿ ಯಾರ ಹಿಂದೆಯೂ ಬಚ್ಚಿಟ್ಟುಕೊಳ್ಳೋ ಹಾಗಿಲ್ಲ. ಆ ದಿನ ಗೆದ್ದವರು ಜರ್ಮನಿಯ ಟೋನಿ ಮಾರ್ಟಿನ್, 40 ಕಿ.ಮೀ.ಗೆ 45 ನಿಮಿಷವೂ ತಗೊಳ್ಳಲಿಲ್ಲ. ಅದೇ ರಸ್ತೆ, ಅದೇ ಮರುಭೂಮಿ ಬಿಸಿಲು, ನಮ್ಮವರೂ ಇದ್ದರು. ನಮ್ಮ ಕ್ಯಾಂಪಸ್ಸಿನಲ್ಲಿ ಈ ಹೆಸರು ಕೇಳಿದವರು ಎಷ್ಟು ಜನ? ಇಂಜಿನಿಯರ್ ಆಗಿ ಕಾಫಿ ತೋಟ ನೋಡ್ಕೊಂಡವರು, ಸಿನಿಮಾ ಮಾಡಿದವರು ನಮಗೆ ಗೊತ್ತು. ಇಂಜಿನಿಯರ್ ಆಗಿ ಸೈಕಲ್ ತುಳಿದವರನ್ನೂ ಲಿಸ್ಟಿಗೆ ಸೇರಿಸಿ.

ಆದರೆ ನವೀನ್ ಜಾನ್ ದಾರಿ ಅಪರೂಪದ್ದು. ಕರ್ನಾಟಕದ ಸೈಕ್ಲಿಂಗ್ ನಿಜವಾಗಿ ಬದುಕಿರೋದು ಬೆಂಗಳೂರಿನಲ್ಲೂ ಅಲ್ಲ, ನಮ್ಮ ಮಲೆನಾಡಿನಲ್ಲೂ ಅಲ್ಲ, ವಿಜಯಪುರ, ಬಾಗಲಕೋಟೆ ಕಡೆ. ವಿಜಯಪುರದಲ್ಲಿ ರಾಜ್ಯ ಕ್ರೀಡಾ ಇಲಾಖೆಯ ಸೈಕ್ಲಿಂಗ್ ಕ್ರೀಡಾನಿಲಯ ಇದೆ. ಆ ಸೀಮೆಯಲ್ಲಿ ಜಾತ್ರೆಗೆ ಕುಸ್ತಿ, ಬಂಡಿ ಓಟ ಇಟ್ಟ ಹಾಗೆ ಸೈಕಲ್ ರೇಸೂ ಇಡ್ತಾರೆ, ಜನ ರಸ್ತೆ ಬದಿ ನಿಂತು ಕೂಗ್ತಾರೆ. ಬೆಲ್ಜಿಯಂನಲ್ಲಿ 'ಕೆರ್ಮೆಸ್' ಅಂತ ಇದೆ, ಅದೂ ಊರಹಬ್ಬದ ದಿನ ಚರ್ಚಿನ ಸುತ್ತ ಸುತ್ತು ಹಾಕೋ ಸೈಕಲ್ ರೇಸು. ಅಲ್ಲಿ ಬಿಯರ್, ಇಲ್ಲಿ ಮಿರ್ಚಿ-ಮಂಡಕ್ಕಿ, ವ್ಯತ್ಯಾಸ ಅಷ್ಟೇ ಅನ್ನಿಸುತ್ತೆ. ವ್ಯತ್ಯಾಸ ಆಮೇಲೆ ಬರುತ್ತೆ. ಕೆರ್ಮೆಸ್‌ನಲ್ಲಿ ಗೆದ್ದ ಹುಡುಗನ ಮುಂದೆ ಪ್ರೊಫೆಷನಲ್ ತಂಡದ ಏಣಿ ಇದೆ. ಜಾತ್ರೆಯಲ್ಲಿ ಗೆದ್ದ ಹುಡುಗನ ಮುಂದೆ ರೈಲ್ವೆ ಇದೆ, ಸೇನೆ ಇದೆ.

ಹೌದು, ಭಾರತದಲ್ಲಿ ಸೈಕ್ಲಿಸ್ಟ್ ಒಬ್ಬನ ಸಂಬಳ ಅಂದರೆ ಬಹುಪಾಲು ಕ್ರೀಡಾ ಕೋಟಾದ ಸರ್ಕಾರಿ ನೌಕರಿ. ರೈಲ್ವೆಯಲ್ಲಿ ಲೆವೆಲ್ 2 ಹುದ್ದೆ ಸಿಕ್ಕರೆ 7ನೇ ವೇತನ ಆಯೋಗದ ಪ್ರಕಾರ ಮೂಲ ವೇತನ ತಿಂಗಳಿಗೆ 19,900 ರೂಪಾಯಿ, ದೊಡ್ಡ ಪದಕ ಇದ್ದು ಲೆವೆಲ್ 5 ಸಿಕ್ಕರೆ 29,200. ಭತ್ಯೆ ಬೇರೆ. ಒಳ್ಳೆಯ ಕಾರ್ಬನ್ ಸೈಕಲ್ಲಿಗೆ ಲಕ್ಷಗಟ್ಟಲೆ ಬೇಕು ಅನ್ನೋದು ನೆನಪಿರಲಿ. ಇದನ್ನ ನೋಡಿ 'ಪಾಪ' ಅನ್ನೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಪ್ರಾಯೋಜಕ ಓಡಿಹೋದರೆ ಬೀದಿಗೆ ಬೀಳೋ ಫ್ರೆಂಚ್ ಹುಡುಗನಿಗಿಂತ, 60 ವರ್ಷದ ತನಕ ನೌಕರಿ ಇರೋ ಹುಡುಗ ಒಂದು ರೀತಿಯಲ್ಲಿ ಗಟ್ಟಿ ನೆಲದ ಮೇಲಿದ್ದಾನೆ. ತೊಂದರೆ ಬೇರೆ ಕಡೆ ಇದೆ. ನೌಕರಿ ಸಿಕ್ಕಿದ ದಿನವೇ ಮನೆಯವರ ಲೆಕ್ಕದಲ್ಲಿ ಸೈಕಲ್ಲಿನ ಕೆಲಸ ಮುಗೀತು. ರೇಸಿನಲ್ಲಿ ಇನ್ನೂ ಮುಂದೆ ಹೋಗೋದಕ್ಕೆ ಕಾರಣ ಏನು? ನೋಡೋರೇ ಇಲ್ಲ.

ಇಲ್ಲಿಗೇ ನಾನು ಹೇಳಬೇಕಾದ್ದು ಬಂತು. ಟಿಕೆಟ್ ಇಲ್ಲದ ಆಟದಲ್ಲಿ ನೋಡೋದೇ ದುಡ್ಡು. ಟೂರ್‌ನಲ್ಲಿ ಸಣ್ಣ ತಂಡದ ಹುಡುಗರು ದಿನಾ ಬೆಳಿಗ್ಗೆ ಗುಂಪು ಬಿಟ್ಟು ಮುಂದೆ ಓಡ್ತಾರೆ. ಅವರಿಗೂ ಗೊತ್ತು, ಕೊನೆಯ 10 ಕಿ.ಮೀ. ಒಳಗೆ ಗುಂಪು ಅವರನ್ನು ನುಂಗುತ್ತೆ, ಹೆಚ್ಚಿನ ದಿನ ಹಾಗೇ ಆಗುತ್ತೆ. ಆದರೂ ಓಡೋದು ಯಾಕೆ? ನಾಲ್ಕು ಗಂಟೆ ಕ್ಯಾಮೆರಾ ಅವರ ಎದೆ ಮೇಲಿನ ಹೆಸರಿನ ಮೇಲೆ ಇರುತ್ತೆ. ಅದೇ ಮುಂದಿನ ವರ್ಷದ ಕಾಂಟ್ರಾಕ್ಟ್. ಹಾಗಾಗಿ ಗೊತ್ತಿಲ್ಲದ ಸವಾರನ ಹೆಸರು ಹಿಡಿದು ಕೂಗೋದು, ಅವನ ಫೋಟೋ ಹಂಚೋದು, ಅವನ ರಿಸಲ್ಟ್ ಹುಡುಕೋದು ಅಂದರೆ ಅವನ ಸಂಬಳಕ್ಕೆ ಒಂದು ರೂಪಾಯಿ ಸೇರಿಸಿದ ಹಾಗೆ. ಕೊಹ್ಲಿಗೆ ನೀವು ಕೂಗದಿದ್ದರೂ ನಡೆಯುತ್ತೆ.

ಗೆಲ್ಲದವರಿಗೆ ಕೂಗೋ ಅಭ್ಯಾಸ ನಮಗಿಲ್ಲ ಅಂತ ಯಾರೂ ಹೇಳಬೇಡಿ. 2008ರಿಂದ 2025ರ ತನಕ ಕಪ್ ಇಲ್ಲದೆ 'ಈ ಸಲ ಕಪ್ ನಮ್ದೇ' ಅಂದವರು ನಾವು. ರಸ್ತೆ ಬದಿ ನಿಲ್ಲೋ ಅಭ್ಯಾಸವೂ ಇದೆ. ಚಿಕ್ಕಮಗಳೂರಿನ ಕಾಫಿ ತೋಟದೊಳಗೆ ಕಾರ್ ರ‍್ಯಾಲಿ ನಡೆದರೆ, ಜನ ಕೆಂಪು ಧೂಳು ಕುಡಿದುಕೊಂಡು ತಿರುವಿನಲ್ಲಿ ನಿಂತಿರ್ತಾರೆ. ಸೈಕಲ್ ಬಂದಾಗ ಮಾತ್ರ ನಮ್ಮದು ಒಂದೇ ಡೈಲಾಗ್, 'ಯಾಕಣ್ಣಾ, ಪೆಟ್ರೋಲ್ ಖಾಲಿನಾ?'

ಕಾಫಿ ಕುಡಿಯೋ, ಗುಡ್ಡದ ಮೇಲಿನ ಇನ್ನೊಂದು ಸೀಮೆ ಇದೆ, ಎರಿಟ್ರಿಯಾ. ಅದರ ರಾಜಧಾನಿ ಅಸ್ಮಾರಾ 2,300 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಮೇಲೆ. ಇಟಲಿಯವರು ಆಳಿದ ಕಾಲದಲ್ಲಿ ಬಂದ ಸೈಕಲ್ ಅಲ್ಲಿ ಊರಿನ ಆಟ ಆಗಿಬಿಟ್ಟಿದೆ, ರೇಸ್ ಇದ್ದರೆ ಜನ ರಸ್ತೆಗೆ ಬರ್ತಾರೆ. ಅಲ್ಲಿಂದ ಬಂದ ಬಿನಿಯಮ್ ಗಿರ್ಮೆ 2024ರ ಟೂರ್‌ನಲ್ಲಿ 3 ಹಂತ ಗೆದ್ದು, ಪಾಯಿಂಟ್ಸ್‌ನಲ್ಲಿ ಮೊದಲಿಗನಿಗೆ ಸಿಗೋ ಹಸಿರು ಜೆರ್ಸಿ ತಗೊಂಡರು. ಎತ್ತರದ ಊರು ಅನ್ನೋದೊಂದೇ ಕಾರಣ ಆಗಿದ್ದರೆ ಕಳಸದಿಂದಲೂ ಯಾರಾದರೂ ಬರಬೇಕಿತ್ತು. ನೋಡೋ ಜನ ಇದ್ದರು ಅನ್ನೋದೂ ಒಂದು ಕಾರಣ ಅಂತ ನಾನು ನಂಬ್ತೀನಿ.

ಕೊನೆಗೆ ಪ್ರಾಕ್ಟಿಕಲ್. ನಮ್ಮ ಕಡೆ ಸೈಕಲ್ ಸವಾರರನ್ನು ನೋಡಬೇಕಾದರೆ ಇಳಿಜಾರಿನಲ್ಲಿ ನಿಲ್ಲಬೇಡಿ, ಸುಯ್ ಅಂತ ಹೋಗಿಬಿಡ್ತಾರೆ, ಅಪಾಯ ಕೂಡ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಹತ್ತಿ ಬರುವವರಿಗೆ ಕಾಯಬಹುದು, ಅಥವಾ ಸೀತಾಳಯ್ಯನಗಿರಿಗೆ ಮುಂಚಿನ ಕಡಿದಾದ ತಿರುವಿನಲ್ಲಿ ನಿಲ್ಲಬಹುದು. ಅಲ್ಲಿ ಗಂಟೆಗೆ 10-12 ಕಿ.ಮೀ. ಮೇಲೆ ಯಾರೂ ಹೋಗಲ್ಲ. ರೇಸ್ ಇದ್ದರೆ ಬೆನ್ನಿನ ನಂಬರ್ ಓದೋಕೆ ಟೈಮ್ ಇರುತ್ತೆ, ಸ್ಟಾರ್ಟ್ ಲಿಸ್ಟಿನಲ್ಲಿ ಆ ನಂಬರಿನ ಹೆಸರು ಹುಡುಕಿ ಹೆಸರು ಹಿಡಿದೇ ಕೂಗಿ. ಬೆನ್ನು ಹಿಡಿದು ತಳ್ಳೋದು ಬೇಡ, ನಿಯಮದ ಪ್ರಕಾರ ಅವರಿಗೇ ದಂಡ ಬೀಳಬಹುದು. ಮೊದಲನೆಯವನು ಹೋದ ತಕ್ಷಣ ಬೈಕ್ ಸ್ಟಾರ್ಟ್ ಮಾಡಬೇಡಿ. ಎಲ್‌ವಿ ಬೋರ್ಡ್ ಹೋಗೋ ತನಕ ನಿಂತಿರಿ, ಅವನು ಸ್ವಲ್ಪ ಲೇಟಾಗಿ ಬರ್ತಾನೆ.