ಕಾರಿನ ಬೆನ್ನಿಗೊಂದು ಮನೆ: ಬ್ರಿಟನ್ನಿನಲ್ಲಿ ಮೊದಲ ಕ್ಯಾರವಾನ್ ರಜೆ

ಜುಲೈ ತಿಂಗಳ ಶುಕ್ರವಾರ ಸಂಜೆ ಇಂಗ್ಲೆಂಡಿನ ಯಾವ ಮೋಟಾರ್‌ವೇ ಹಿಡಿದರೂ ಕಾರುಗಳು ಎಳೆದೊಯ್ಯುವ ಬಿಳಿ ಕ್ಯಾರವಾನ್‌ಗಳು ಕಣ್ಣಿಗೆ ಬೀಳುತ್ತವೆ. ಹಿಂದೆ ಸಿಕ್ಕಿಕೊಂಡವರು ಗೊಣಗುತ್ತಾರೆ. ಎಳೆದೊಯ್ಯುವವರಿಗೆ ಅದರ ಪರಿವೆಯೇ ಇರುವುದಿಲ್ಲ. ಅವರ ರಜೆ ಆಗಲೇ ಶುರುವಾಗಿರುತ್ತದೆ.

ನಮ್ಮಲ್ಲಿ ಸಿನಿಮಾ ಚಿತ್ರೀಕರಣದ ಜಾಗದಲ್ಲಿ ನಿಂತಿರುತ್ತದಲ್ಲ, ಆ ಕ್ಯಾರವಾನ್ ಬೇರೆ, ಇದು ಬೇರೆ. ಇದಕ್ಕೆ ಎಂಜಿನ್ ಇಲ್ಲ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಇರುವ ಗಾಲಿಯ ಮನೆಯನ್ನು ಕಾರಿಗೆ ಕಟ್ಟಿ ಎಳೆಯಬೇಕು. ಜಾಗ ತಲುಪಿದ ಮೇಲೆ ಕೊಂಡಿ ಕಳಚಿದರೆ ಮನೆ ಅಲ್ಲೇ ಉಳಿಯುತ್ತದೆ, ಕಾರು ಊರು ಸುತ್ತಲು ಸಿಗುತ್ತದೆ. ಬ್ರಿಟಿಷರಿಗೆ ಈ ಹುಚ್ಚು ಹಳೆಯದು. ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನಲ್ಲಿ ಕಟ್ಟಿಸಿಕೊಂಡ ‘ವಾಂಡರರ್’ ಎಂಬ ಕುದುರೆ ಗಾಡಿಯಲ್ಲಿ ಸ್ಕಾಟ್ಲೆಂಡಿನವರೆಗೂ ಹೋಗಿದ್ದರು. ಬರೀ ಸಂತೋಷಕ್ಕಾಗಿ ಹೀಗೆ ಸುತ್ತುವವರ ಕ್ಲಬ್ 1907ರಲ್ಲೇ ಹುಟ್ಟಿತು. ಕಾರು ಎಳೆಯುವ ಕ್ಯಾರವಾನ್ ಮಾರಾಟಕ್ಕೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ.

ಅಲ್ಲಿ ನೆಲೆಸಿದ ಕನ್ನಡಿಗರಿಗೆ, ಅದರಲ್ಲೂ ಬೇಸಿಗೆಗೆ ಊರಿನಿಂದ ಅಪ್ಪ–ಅಮ್ಮ ಬರುವ ಮನೆಗಳಿಗೆ, ಇದು ಚೆನ್ನಾಗಿ ಒಗ್ಗುವ ರಜೆ. ಬೆಳಿಗ್ಗೆ ಎದ್ದರೆ ನಮ್ಮದೇ ಕಾಫಿ, ನಮ್ಮದೇ ಉಪ್ಪಿಟ್ಟು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂರು ದಿನಕ್ಕೆ ಏಳು ಊರು ನೋಡುವ ಪ್ಯಾಕೇಜ್ ಟೂರ್ ಇಷ್ಟಪಡುವವರು ಕ್ಯಾರವಾನ್ ತಂಟೆಗೆ ಹೋಗಬೇಡಿ. ದಿನಕ್ಕೊಂದು ಕಡೆ ಕಟ್ಟಿ ಬಿಚ್ಚುವುದೆಂದರೆ ದಿನಕ್ಕೊಮ್ಮೆ ಮನೆ ಬದಲಿಸಿದಷ್ಟೇ ಸುಸ್ತು. ಒಂದೇ ಕಡೆ ನಾಲ್ಕು ದಿನ ಕೂತು, ಸುತ್ತಲಿನ ಹತ್ತಿಪ್ಪತ್ತು ಮೈಲಿಯನ್ನು ಸಾವಕಾಶವಾಗಿ ನೋಡುವವರಿಗೆ ಇದರ ರುಚಿ ಹತ್ತುತ್ತದೆ.

ಲೈಸೆನ್ಸ್, ಆಮೇಲೆ ಖರೀದಿ

ಭಾರತದ ಲೈಸೆನ್ಸನ್ನು ಕೊಟ್ಟು ಬ್ರಿಟನ್ನಿನದನ್ನು ಪಡೆಯಲು ಬರುವುದಿಲ್ಲ. ಅಲ್ಲಿ ವಾಸಕ್ಕೆ ಹೋದವರು 12 ತಿಂಗಳೊಳಗೆ ಅಲ್ಲಿಯ ಪರೀಕ್ಷೆ ಬರೆದು, ಕಾರು ಓಡಿಸಿ ತೋರಿಸಿ ಪಾಸಾಗಲೇಬೇಕು. ಆಮೇಲೆ ಹಾದಿ ಸುಲಭ. ಮೊದಲು 1997ರಿಂದ ಈಚೆಗೆ ಪಾಸಾದವರು ದೊಡ್ಡ ಕ್ಯಾರವಾನ್ ಎಳೆಯಬೇಕಾದರೆ ಇನ್ನೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಿಂದ ಆ ನಿಯಮ ಹೋಗಿದೆ. ಮಾಮೂಲಿ ಕಾರಿನ ಲೈಸೆನ್ಸ್ ಇದ್ದರೆ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು. ಪರೀಕ್ಷೆ ಹೋಯಿತೆಂದು ಕಲಿಕೆಯನ್ನೂ ಬಿಡಬೇಡಿ. ಕ್ಯಾರವಾನ್ ಕ್ಲಬ್‌ಗಳು ಹೊಸಬರಿಗೆಂದೇ ಎಳೆಯುವ, ಹಿಂದಕ್ಕೆ ಹಾಕುವ ತರಬೇತಿ ನಡೆಸುತ್ತವೆ. ಅದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

ಕೊಳ್ಳುವ ಮುಂಚೆ ಸ್ನೇಹಿತರದ್ದೋ ಬಾಡಿಗೆಯದ್ದೋ ಕ್ಯಾರವಾನ್‌ನಲ್ಲಿ ಒಂದೆರಡು ರಾತ್ರಿ ಮಲಗಿ ನೋಡಿ. ನಾಲ್ವರು ಮಲಗಬಹುದು ಎಂದು ಮಾರುವವರು ಹೇಳಿದರೆ, ಎರಡು ಹಾಸಿಗೆಗಳನ್ನು ಪ್ರತಿ ರಾತ್ರಿ ಸೋಫಾ ಬಿಚ್ಚಿ ಮಾಡಿಕೊಳ್ಳಬೇಕು ಎಂದಿರಬಹುದು. ಮಂಡಿ ನೋವಿನ ಅಮ್ಮ ಜೊತೆಗೆ ಬರುವುದಾದರೆ ಬಿಚ್ಚುವ ಗೋಜಿಲ್ಲದ ಹಾಸಿಗೆ ಇರುವ ವಿನ್ಯಾಸವನ್ನೇ ಆರಿಸಿ. ಶೌಚಾಲಯ ಆ ಹಾಸಿಗೆಗೆ ಎಷ್ಟು ಹತ್ತಿರ ಎಂದೂ ನೋಡಿ.

ಹಳೆಯ ಕ್ಯಾರವಾನ್ ಕೊಳ್ಳುವವರ ದೊಡ್ಡ ಶತ್ರು ತೇವ. ಹೊರಗೆ ಮಿರಿಮಿರಿ ಮಿಂಚುತ್ತಿದ್ದರೂ ಗೋಡೆಯೊಳಗಿನ ಮರ ಕೊಳೆತಿರಬಹುದು. ಕಿಟಕಿಯ ಅಂಚು, ಮೂಲೆ, ಲಾಕರ್‌ಗಳ ಒಳಬದಿಯನ್ನು ಬೆರಳಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಹಿಂತಿರುಗಿ. ತೇವ ಅಳೆಯುವ ಮೀಟರ್ ಶೇ 15ರ ಒಳಗೆ ತೋರಿಸಿದರೆ ನಿಶ್ಚಿಂತೆ, 20 ದಾಟಿದರೆ ರಿಪೇರಿಯ ಖರ್ಚು ಕಾದಿದೆ. 1992ರಿಂದ ಈಚೆಗೆ ಬ್ರಿಟನ್ನಿನಲ್ಲಿ ತಯಾರಾದ ಕ್ಯಾರವಾನ್‌ಗಳಿಗೆ ‘ಕ್ರಿಸ್’ ಎಂಬ ನೋಂದಣಿ ಇದೆ, ಸಂಖ್ಯೆಯನ್ನು ಕಿಟಕಿ ಗಾಜಿನ ಮೇಲೆ ಕೆತ್ತಿರುತ್ತಾರೆ. ಕದ್ದ ಮಾಲಲ್ಲ ಎಂದು ಅದರಿಂದ ಖಾತರಿ ಮಾಡಿಕೊಳ್ಳಿ. ಟೈರ್ ಸವೆದಿಲ್ಲ ಎಂದ ಮಾತ್ರಕ್ಕೆ ಚೆನ್ನಾಗಿದೆ ಎನ್ನುವಂತಿಲ್ಲ. ನಿಂತಲ್ಲೇ ನಿಂತು ಬಿರುಕು ಬಿಟ್ಟಿರುತ್ತವೆ. ಐದರಿಂದ ಏಳು ವರ್ಷಕ್ಕೆ ಬದಲಾಯಿಸುವುದು ರೂಢಿ.

ತೂಕದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನಿಸಿ, ಕಾಗದ ಪೆನ್ನು ತೆಗೆದುಕೊಳ್ಳಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲನೆಯದು ಕಾರು ಮತ್ತು ಕ್ಯಾರವಾನ್ ನಡುವಿನ ಜೋಡಿ. ತುಂಬಿದ ಕ್ಯಾರವಾನ್‌ನ ತೂಕ ಖಾಲಿ ಕಾರಿನ ತೂಕದ ಶೇ 85 ಮೀರದಿರಲಿ ಎನ್ನುವುದು ಹೊಸಬರಿಗೆ ಹೇಳುವ ಸೂತ್ರ. ಇದು ಕಾನೂನಲ್ಲ, ಅನುಭವದ ಮಾತು. ಕಾರು 1,600 ಕೆ.ಜಿ. ಇದ್ದರೆ ಕ್ಯಾರವಾನ್ 1,360 ಕೆ.ಜಿ. ದಾಟಬಾರದು. ಕಾರಿನ ಕಂಪನಿ ಗೊತ್ತುಮಾಡಿದ ಎಳೆಯುವ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಅದೇ ಅಂತಿಮ.

ಎರಡನೆಯದು ಒಳಗೆ ಎಷ್ಟು ತುಂಬಬಹುದು ಎನ್ನುವುದು. ಕಾರ್ಖಾನೆಯಿಂದ ಬಂದಾಗಿನ ತೂಕ 1,150 ಕೆ.ಜಿ., ಗರಿಷ್ಠ ಮಿತಿ 1,300 ಕೆ.ಜಿ. ಎಂದಿಟ್ಟುಕೊಳ್ಳಿ. ನಿಮ್ಮ ಪಾಲಿಗೆ ಉಳಿದದ್ದು 150 ಕೆ.ಜಿ. ಬಹಳವಾಯಿತು ಅನ್ನಿಸುತ್ತದೆ. ಹೊರಗೆ ಕಟ್ಟುವ ಡೇರೆ, ಕುರ್ಚಿ, ಮೇಜು, ಹೊದಿಕೆ, ಎಲ್ಲರ ಬಟ್ಟೆ, ಮಕ್ಕಳ ಸೈಕಲ್, ಟಿ.ವಿ. ಸೇರಿಸುತ್ತಾ ಹೋದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯುತ್ತದೆ. ನಾವು ಅದರ ಮೇಲೆ ಹತ್ತು ಕೆ.ಜಿ. ಅಕ್ಕಿ ಮೂಟೆ, ಎರಡು ಕುಕ್ಕರು, ದೋಸೆ ಹೆಂಚು, ‘ಇರಲಿ ಬಿಡು’ ಎಂದು ಇನ್ನೊಂದು ಡಬ್ಬ ಚಕ್ಕುಲಿ ಹೇರುತ್ತೇವೆ. ಅಕ್ಕಿ ಬ್ರಿಟನ್ನಿನ ಹಳ್ಳಿ ಅಂಗಡಿಯಲ್ಲೂ ಸಿಗುತ್ತದೆ, ಬೇಕಾದಷ್ಟೇ ಒಯ್ಯಿರಿ. ನೀರಿನ ಡ್ರಮ್ಮು 40 ಲೀಟರಿನದು, ತುಂಬಿದರೆ 40 ಕೆ.ಜಿ. ಅದನ್ನು ಖಾಲಿಯಾಗಿಯೇ ಸಾಗಿಸಬೇಕು.

ಮೂರನೆಯದು ಮೂತಿಯ ಭಾರ. ಕ್ಯಾರವಾನ್‌ನ ಮುಂದಿನ ಕೊಂಡಿ ಕಾರಿನ ಮೇಲೆ ಹೇರುವ ತೂಕ ಅದರ ಒಟ್ಟು ತೂಕದ ಶೇ 5ರಿಂದ 7ರಷ್ಟಿರಬೇಕು. 1,300 ಕೆ.ಜಿ. ಕ್ಯಾರವಾನ್‌ಗೆ 65ರಿಂದ 91 ಕೆ.ಜಿ. ಇಲ್ಲೂ ಕಾರಿನ ಮತ್ತು ಕೊಂಡಿಯ ಮಿತಿ ಮೀರುವಂತಿಲ್ಲ. ಅಳೆಯಲು ಸಣ್ಣದೊಂದು ಸಾಧನ ಸಿಗುತ್ತದೆ. ಭಾರದ ಸಾಮಾನು ನೆಲಮಟ್ಟದಲ್ಲಿ, ಚಕ್ರದ ಅಚ್ಚಿನ ಮೇಲೆ ಬರಲಿ. ತಲೆಯ ಮೇಲಿನ ಕಪಾಟುಗಳಿಗೆ ಬಟ್ಟೆ, ಬ್ರೆಡ್ಡು ಸಾಕು. ಹಿಂಭಾಗದಲ್ಲಿ ಭಾರ ಹೆಚ್ಚಾದರೆ ಮೂತಿ ಹಗುರವಾಗಿ, ವೇಗದಲ್ಲಿ ಕ್ಯಾರವಾನ್ ಹಾವಿನಂತೆ ಹೊರಳಾಡತೊಡಗುತ್ತದೆ.

ಕಟ್ಟುವುದು, ಎಳೆಯುವುದು

ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಹಾಕಿ, ನಾಲ್ಕು ಮೂಲೆಯ ಊರುಗಾಲು ಮೇಲಕ್ಕೆತ್ತಿ, ಕಾರನ್ನು ಹಿಂದಕ್ಕೆ ತಂದು, ಮೂತಿಯ ಕೆಳಗಿನ ಪುಟ್ಟ ಮುಂಗಾಲಿಯ ಹಿಡಿ ತಿರುಗಿಸುತ್ತಾ ಕೊಂಡಿಯನ್ನು ಕಾರಿನ ಹಿಂಬದಿಯ ಗುಂಡಿನ ಮೇಲೆ ಇಳಿಸಬೇಕು. ಕಟಕ್ ಎಂದು ಕೂರುತ್ತದೆ, ಹಸಿರು ಗುರುತು ಕಾಣುತ್ತದೆ. ಅಷ್ಟಕ್ಕೇ ನಂಬಬೇಡಿ: ಮುಂಗಾಲಿಯನ್ನು ಉಲ್ಟಾ ತಿರುಗಿಸಿ ಕಾರಿನ ಹಿಂಭಾಗವೂ ಮೇಲೇಳುತ್ತದೆಯೇ ನೋಡಿ. ಎದ್ದರೆ ಕೊಂಡಿ ಗಟ್ಟಿ. ಆಮೇಲೆ ಬ್ರೇಕ್‌ಅವೇ ಕೇಬಲ್ ಸಿಕ್ಕಿಸಿ. ಅಕಸ್ಮಾತ್ ಕೊಂಡಿ ಕಳಚಿದರೆ ಕ್ಯಾರವಾನ್‌ನ ಬ್ರೇಕ್ ಹಾಕುವುದು ಆ ತೆಳು ತಂತಿಯೇ. 13 ಪಿನ್ನಿನ ಪ್ಲಗ್ ಚುಚ್ಚಿ, ಒಬ್ಬರನ್ನು ಹಿಂದೆ ನಿಲ್ಲಿಸಿ ದೀಪಗಳನ್ನು ಪರೀಕ್ಷಿಸಿ. ಕಾರಿನ ನಂಬರ್ ಪ್ಲೇಟೇ ಕ್ಯಾರವಾನ್ ಹಿಂದೆಯೂ ಇರಬೇಕು. ಗ್ಯಾಸ್ ಬಂದ್. ಮುಂಗಾಲಿ ಮೇಲಕ್ಕೆ. ಹ್ಯಾಂಡ್‌ಬ್ರೇಕ್ ಇಳಿಸಿ. ಕಾರಿಗಿಂತ ಕ್ಯಾರವಾನ್ ಅಗಲವಿದ್ದರೆ ಉದ್ದ ಕೈಯ ಕನ್ನಡಿ ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ದಂಡ.

ನಮ್ಮ ಹಾಗೆಯೇ ಎಡಬದಿಯಲ್ಲಿ ಓಡಿಸುವ ದೇಶ, ಅಷ್ಟು ನೆಮ್ಮದಿ. ಕ್ಯಾರವಾನ್ ಎಳೆಯುವಾಗ ಡಿವೈಡರ್ ಇಲ್ಲದ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಜೋಡಿರಸ್ತೆ ಮತ್ತು ಮೋಟಾರ್‌ವೇಗಳಲ್ಲಿ 60 ಮೈಲಿ ಮಿತಿ. ಮೂರು ಅಥವಾ ಹೆಚ್ಚು ಲೇನ್ ಇರುವ ಮೋಟಾರ್‌ವೇಯ ಬಲತುದಿಯ ಲೇನಿಗೆ ಹೋಗುವಂತಿಲ್ಲ. ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಗಾಳಿಗೆ ಕ್ಯಾರವಾನ್ ಅಲ್ಲಾಡುತ್ತದೆ. ಹೊರಳಾಟ ಶುರುವಾದರೆ ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರ್‌ನಿಂದ ಮೆಲ್ಲನೆ ಕಾಲು ತೆಗೆಯಿರಿ. ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ.

ಹಿಂದಕ್ಕೆ ಹಾಕುವಾಗ ಸ್ಟಿಯರಿಂಗನ್ನು ಕೆಳತುದಿಯಲ್ಲಿ ಹಿಡಿಯಿರಿ. ಕೈ ಎತ್ತ ಹೋಗುತ್ತದೋ ಕ್ಯಾರವಾನ್ ಅತ್ತಲೇ ಹೋಗುತ್ತದೆ. ಖಾಲಿ ಮೈದಾನದಲ್ಲಿ ಒಂದು ಬೆಳಿಗ್ಗೆ ಅಭ್ಯಾಸ ಮಾಡಿದರೆ ಬರುತ್ತದೆ. ಗಂಡ ಓಡಿಸುತ್ತಾ ಹೆಂಡತಿ ಹಿಂದೆ ನಿಂತು ಸನ್ನೆ ಮಾಡುವ ಮನೆಗಳಲ್ಲಿ (ಅಥವಾ ಇದರ ಉಲ್ಟಾ) ಸನ್ನೆಗಳ ಅರ್ಥವನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡುವುದು ಸಂಸಾರಕ್ಕೆ ಕ್ಷೇಮ.

ಫೋನಿನ ನಕ್ಷೆಯನ್ನು ಕುರುಡಾಗಿ ನಂಬಬೇಡಿ. ನೀವು ಕ್ಯಾರವಾನ್ ಎಳೆಯುತ್ತಿದ್ದೀರಿ ಎಂದು ಅದಕ್ಕೆ ತಿಳಿಯದು. ಯಾರ್ಕ್‌ಷೈರ್‌ನ ಎ170 ರಸ್ತೆಯ ಸಟನ್ ಬ್ಯಾಂಕ್ ಏರಿನಲ್ಲಿ ಕ್ಯಾರವಾನ್‌ಗೆ ನಿಷೇಧವೇ ಇದೆ. ಡೆವನ್‌ನ ಹಳ್ಳಿ ದಾರಿಗಳಲ್ಲಿ ಎರಡೂ ಕಡೆ ಬೇಲಿ, ನಡುವೆ ಒಂದೇ ಕಾರಿನ ಜಾಗ; ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕಾದವರು ಯಾರೆಂಬ ಚರ್ಚೆ ದೀರ್ಘವಾಗುತ್ತದೆ. ತಂಗುದಾಣದವರು ತಿಳಿಸುವ ದಾರಿಯಲ್ಲೇ ಹೋಗಿ.

ಮೊದಲ ತಂಗು

ಮೊದಲ ಸಲ ಮನೆಯಿಂದ ಒಂದು ಗಂಟೆಯೊಳಗಿನ ಜಾಗ, ಎರಡು ರಾತ್ರಿ ಸಾಕು. ಏನಾದರೂ ಮರೆತರೆ ಹೋಗಿ ತರಬಹುದು. ಕ್ಲಬ್‌ನ ದೊಡ್ಡ ತಂಗುದಾಣ ಆರಿಸಿ: ಗಟ್ಟಿ ನೆಲ, ಬಿಸಿನೀರಿನ ಸ್ನಾನಗೃಹ, ಕರೆಂಟು, ಸಹಾಯಕ್ಕೆ ವಾರ್ಡನ್. ಡರ್ಬಿಷೈರ್‌ನ ಚಾಟ್ಸ್‌ವರ್ತ್ ಅರಮನೆಯ ಹಳೆಯ ತೋಟದ ಗೋಡೆಗಳ ನಡುವೆ ಇಂಥದ್ದೊಂದು ಇದೆ. ಬೇಸಿಗೆಯ ಶಾಲಾ ರಜೆಗೆ ಬಹಳ ಮುಂಚೆಯೇ ಕಾದಿರಿಸಬೇಕಾಗುತ್ತದೆ. ಕೈ ಪಳಗಿದ ಮೇಲೆ ಐದೇ ಕ್ಯಾರವಾನ್‌ಗೆ ಅನುಮತಿ ಇರುವ, ರೈತರ ಹೊಲದಂಚಿನ ಪುಟ್ಟ ತಂಗುದಾಣಗಳಿಗೆ ಹೋಗಿ. ನನ್ನ ಮಟ್ಟಿಗೆ ಕ್ಯಾರವಾನ್ ಇರುವುದೇ ಅಂಥ ಜಾಗಗಳಿಗೆ. ಕೆಲವು ಕಡೆ ಒಂದು ನಲ್ಲಿ, ಒಂದು ಚರಂಡಿ ಬಿಟ್ಟರೆ ಬೇರೇನೂ ಇರುವುದಿಲ್ಲ.

ಬೆಳಕಿರುವಾಗಲೇ ತಲುಪಿ. ಮೊದಲು ಎಡ–ಬಲ ಮಟ್ಟ ಮಾಡಿ, ತಗ್ಗಿದ ಕಡೆಯ ಚಕ್ರವನ್ನು ಪ್ಲಾಸ್ಟಿಕ್ ದಿಂಡಿನ ಮೇಲೆ ಹತ್ತಿಸಿ. ಹ್ಯಾಂಡ್‌ಬ್ರೇಕ್ ಹಾಕಿ, ಕಾರು ಕಳಚಿ, ಹಿಂದು–ಮುಂದನ್ನು ಮುಂಗಾಲಿಯಿಂದ ಸರಿಮಾಡಿ. ಆಮೇಲೆ ಊರುಗಾಲು ಇಳಿಸಿ. ಊರುಗಾಲು ಅಲ್ಲಾಡದಂತೆ ಹಿಡಿಯಲಿಕ್ಕೆ ಮಾತ್ರ. ಅದನ್ನೇ ಜಾಕ್‌ನಂತೆ ಬಳಸಿ ಕ್ಯಾರವಾನ್ ಎತ್ತಲು ಹೋದರೆ ಬಾಗುತ್ತದೆ. ಕರೆಂಟಿನ ಕೇಬಲನ್ನು ಮೊದಲು ಕ್ಯಾರವಾನ್‌ಗೆ, ನಂತರ ತಂಗುದಾಣದ ಕರೆಂಟು ಕಂಬಕ್ಕೆ ಚುಚ್ಚಿ, ಬಿಚ್ಚುವಾಗ ಕಂಬದಿಂದ ಶುರುಮಾಡಿ. ಸುರುಳಿ ಬಿಡಿಸದೆ ಬಳಸಿದರೆ ಕೇಬಲ್ ಕಾದು ಕರಗಬಹುದು. ಪೂರ್ತಿ ಬಿಡಿಸಿ ಹಾಸಿ.

ಒಗ್ಗರಣೆಯ ಪ್ರಶ್ನೆ

ಕಂಬದಲ್ಲಿ ಸಾಮಾನ್ಯವಾಗಿ ಸಿಗುವುದು 10 ಅಥವಾ 16 ಆಂಪ್. ಹತ್ತು ಆಂಪ್ ಎಂದರೆ ಸುಮಾರು 2,300 ವಾಟ್. ಮನೆಯ ಕೆಟಲ್ ಒಂದೇ ಅದನ್ನೆಲ್ಲ ನುಂಗುತ್ತದೆ. ಜೊತೆಗೆ ಹೀಟರ್ ಹಾಕಿದರೆ ಟ್ರಿಪ್ ಆಗುತ್ತದೆ. ಕಡಿಮೆ ವಾಟಿನ ಕೆಟಲ್ ಒಯ್ಯಿರಿ. 750 ವಾಟಿನ ಮಿಕ್ಸಿ ತೊಂದರೆ ಕೊಡದು, ಆದರೆ ಬೆಳಿಗ್ಗೆ ಆರಕ್ಕೆ ಚಟ್ನಿ ರುಬ್ಬಿದರೆ ಆರು ಮೀಟರ್ ಆಚೆ ಮಲಗಿದವರು ಎದ್ದು ಕೂರುತ್ತಾರೆ. ಹೊರಡುವ ಮುಂಚೆಯೇ ರುಬ್ಬಿ ಫ್ರಿಜ್‌ನಲ್ಲಿಡಿ.

ಅಡುಗೆ ಗ್ಯಾಸಿನಲ್ಲೇ ನಡೆಯಲಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗದೆ ಒಲೆ ಕೈಕೊಡುತ್ತದೆ. ಏಪ್ರಿಲ್‌ನಲ್ಲೂ ಮಂಜು ಬೀಳುವ ಆ ದೇಶಕ್ಕೆ ಪ್ರೊಪೇನ್ ಸರಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಅದು ಹೊರಹೋಗಲೆಂದೇ ನೆಲದಲ್ಲಿ ಕಿಂಡಿಗಳಿರುತ್ತವೆ. ಕಾಲಿಗೆ ಚಳಿ ಎಂದು ಅಜ್ಜಿ ಅವಕ್ಕೆ ಬಟ್ಟೆ ತುರುಕದಂತೆ ನೋಡಿಕೊಳ್ಳಿ. ಇದ್ದಿಲ ಒಲೆಯನ್ನು, ಆರಿದ್ದರೂ, ಒಳಗಾಗಲಿ ಹೊರಗಿನ ಡೇರೆಗಾಗಲಿ ತರಲೇಬಾರದು. ಅದರ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಅದರ ಅಲಾರಂ ಇಲ್ಲದ ಕ್ಯಾರವಾನ್‌ನಲ್ಲಿ ಮಲಗಬೇಡಿ.

ಸಣ್ಣ ಕುಕ್ಕರಿನಲ್ಲಿ ಬಿಸಿಬೇಳೆಬಾತ್ ಸೊಗಸಾಗಿ ಆಗುತ್ತದೆ. ಮೇಲಿನ ಕಿಟಕಿ ತೆರೆದಿಡಿ, ಇಲ್ಲವಾದರೆ ಆವಿ ಗೋಡೆಗಿಳಿಯುತ್ತದೆ. ಒಣಮೆಣಸಿನ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ, ವಾಸನೆ ಸೋಫಾ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಹಾಗಾಗಿ ಒಗ್ಗರಣೆ, ಬಜ್ಜಿ ಏನಿದ್ದರೂ ಬಯಲಲ್ಲಿ ಇಡುವ ಸಣ್ಣ ಗ್ಯಾಸ್ ಒಲೆಯ ಮೇಲೆ. ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಅವಲಕ್ಕಿ ಇದ್ದರೆ ಮಳೆ ಬಂದ ದಿನವೂ ಊಟಕ್ಕೆ ಚಿಂತೆಯಿಲ್ಲ. ಮಳೆ ಬಂದೇ ಬರುತ್ತದೆ, ಇಸ್ಪೀಟು ಎಲೆ ಮರೆಯಬೇಡಿ.

ಶೌಚಾಲಯದ ಕೆಳಗಿನ ಪೆಟ್ಟಿಗೆಯನ್ನು ಹೊರಬಾಗಿಲಿನಿಂದ ಎಳೆದು, ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಿ, ತೊಳೆದು, ರಾಸಾಯನಿಕ ಹಾಕಿ ವಾಪಸ್ ಇಡಬೇಕು. ಪೂರ್ತಿ ತುಂಬುವವರೆಗೆ ಕಾಯಬೇಡಿ. ಮೊದಲ ದಿನ ಮುಖ ಸಿಂಡರಿಸಿದವರೂ ಎರಡನೇ ದಿನ ಸೀಟಿ ಹೊಡೆಯುತ್ತಾ ಹೋಗಿ ಬರುತ್ತಾರೆ.

ಹೊರಡುವಾಗ ಮಾಡಿದ್ದನ್ನೆಲ್ಲ ಉಲ್ಟಾ ಮಾಡಿದರಾಯಿತು. ಮೇಲಿನ ಕಿಟಕಿ ಮುಚ್ಚಿದ್ದೀರಾ, ಫ್ರಿಜ್ ಬಾಗಿಲಿಗೆ ಚಿಲಕ ಹಾಕಿದ್ದೀರಾ, ಮೆಟ್ಟಿಲು ಒಳಗಿದೆಯೇ ಎಂದು ಸುತ್ತು ಹಾಕಿ ನೋಡಿ. ನವೆಂಬರ್ ಹೊತ್ತಿಗೆ ಕ್ಯಾರವಾನ್ ನಿಲ್ಲಿಸಿಡುವುದಾದರೆ ಕೊಳವೆ, ಬಿಸಿನೀರಿನ ಟ್ಯಾಂಕು ಎಲ್ಲವನ್ನೂ ಬರಿದು ಮಾಡಿ ನಲ್ಲಿಗಳನ್ನು ತೆರೆದೇ ಬಿಡಿ. ಒಳಗುಳಿದ ನೀರು ಹೆಪ್ಪುಗಟ್ಟಿ ಹೀಟರನ್ನು ಸೀಳಿದರೆ ಅದು ಗೊತ್ತಾಗುವುದು ಮುಂದಿನ ಈಸ್ಟರ್‌ಗೆ, ನೀರು ಬಿಟ್ಟಾಗಲೇ.