ಬದಲಾಗದ ಜಾತಿ, ಬದಲಾದ ಫಲಿತಾಂಶ

ಓದುಗರ ಪ್ರಶ್ನೆ, ಚುನಾವಣಾ ವಿಶ್ಲೇಷಕರ ಉತ್ತರ

ಜಾತಿ, ಪಕ್ಷ, ಮತದಾನ ಕುರಿತು ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಓದುಗರಿಂದ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದಲ್ಲಿ ಬಿಳಿಯರು ಒಂದು ಕಡೆ, ಕಪ್ಪು ಜನರು ಇನ್ನೊಂದು ಕಡೆ ವೋಟು ಹಾಕುತ್ತಾರೆಂದು ಟಿವಿಯಲ್ಲಿ ಹೇಳುತ್ತಾರೆ. ನಮ್ಮಲ್ಲಿಯೂ ಲಿಂಗಾಯತ ವೋಟು, ಮರಾಠಾ ವೋಟು, ಹಾಲುಮತದ ವೋಟು ಎಂದೇ ಲೆಕ್ಕ. ಎರಡೂ ಒಂದೇ ಅಲ್ಲವೇ?
(ನಿವೃತ್ತ ಶಿಕ್ಷಕರು, ಅಥಣಿ)

ಉತ್ತರ: ಮೇಲ್ನೋಟಕ್ಕೆ ಒಂದೇ, ಒಳಗಿನ ಕಟ್ಟು ಬೇರೆ. ಅಮೆರಿಕದಲ್ಲಿ ಜನಾಂಗವೂ ಪಕ್ಷವೂ ಒಂದಕ್ಕೊಂದು ಅಂಟಿಕೊಂಡಿವೆ. ಅಲ್ಲಿನ ಕಪ್ಪು ಜನರು ಒಂದು ಕಾಲಕ್ಕೆ ಲಿಂಕನ್ನರ ರಿಪಬ್ಲಿಕನ್ ಪಕ್ಷದ ಕಡೆಗಿದ್ದರು. 1930ರ ದಶಕದಲ್ಲಿ ಡೆಮಾಕ್ರಟಿಕ್ ಪಕ್ಷದತ್ತ ಹೊರಳತೊಡಗಿದರು. 1964ರಲ್ಲಿ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ ಮೇಲೆ ಅಲ್ಲೇ ಗಟ್ಟಿಯಾಗಿ ನಿಂತರು. ದಕ್ಷಿಣದ ಬಿಳಿಯರು ಅದೇ ಕಾಲದಿಂದ ರಿಪಬ್ಲಿಕನ್ ಕಡೆ ಸರಿಯುತ್ತ ಬಂದರು.

ಹಾಗಾದರೆ 2008ರಲ್ಲಿ ಬರಾಕ್ ಒಬಾಮಾ ನಿಂತಾಗ ಬಿಳಿಯರು ಅವರ ಬಣ್ಣ ನೋಡಿ ಕೈಬಿಟ್ಟರೇ? ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಬಿಳಿಯರಲ್ಲಿ ಶೇ 43ರಷ್ಟು ಮಂದಿ ಅವರಿಗೆ ಮತ ಹಾಕಿದ್ದರು. 2004ರಲ್ಲಿ ಅದೇ ಪಕ್ಷದಿಂದ ನಿಂತಿದ್ದ ಬಿಳಿಯ ಜಾನ್ ಕೆರಿ ಅವರಿಗೆ ಸಿಕ್ಕಿದ್ದು ಶೇ 41. ಅಂದರೆ ಒಬಾಮಾರನ್ನು ಒಲ್ಲೆ ಎಂದ ಬಿಳಿಯರಲ್ಲಿ ಬಹುಪಾಲು ಮಂದಿ ಆ ಪಕ್ಷದಿಂದ ಯಾರೇ ನಿಂತಿದ್ದರೂ ಒಲ್ಲೆ ಎನ್ನುತ್ತಿದ್ದವರು. ಬಣ್ಣದ ಪೂರ್ವಗ್ರಹ ಇರಲಿಲ್ಲವೆಂದು ಇದರರ್ಥವಲ್ಲ. ಆ ಪೂರ್ವಗ್ರಹ ಬಹಳ ಹಿಂದೆಯೇ ಪಕ್ಷದ ಆಯ್ಕೆಯೊಳಗೆ ಸೇರಿಹೋಗಿತ್ತು. ನಿಮ್ಮ ಅಥಣಿಯಲ್ಲಿ ಪಕ್ಷಕ್ಕೆ ಆ ಪರಿ ಅಂಟು ಇಲ್ಲ. ಅದಕ್ಕೆ ಮುಂದಿನ ಪತ್ರವೇ ಸಾಕ್ಷಿ.

ಪ್ರಶ್ನೆ: ಸರ, ನಮ್ಮ ಕಡೆ ಲೀಡರು ಪಾರ್ಟಿ ಅದಲು ಬದಲು ಮಾಡಿಕೊಂಡರು. ನಾವು ಮನುಷ್ಯಾನ್ನ ನೋಡಿ ಹಾಕಿದಿವೋ, ಚಿಹ್ನೆ ನೋಡಿ ಹಾಕಿದಿವೋ, ಜಾತಿ ನೋಡಿ ಹಾಕಿದಿವೋ ನಮಗೇ ತಿಳೀವಲ್ದು.
(ಕಬ್ಬು ಬೆಳೆಗಾರ, ಕಾಗವಾಡ ತಾಲ್ಲೂಕು)

ಉತ್ತರ: ಇಂಥ ಪರೀಕ್ಷೆ ಮತದಾರರಿಗೆ ಎಲ್ಲ ಕಡೆ ಒದಗಿ ಬರುವುದಿಲ್ಲ. ಅಂಕಿ ನೋಡೋಣ.

ಕಾಗವಾಡದಲ್ಲಿ 2018ರಲ್ಲಿ ಕಾಂಗ್ರೆಸ್‌ನ ಶ್ರೀಮಂತ ಪಾಟೀಲ ಬಿಜೆಪಿಯ ರಾಜು ಕಾಗೆ ಅವರನ್ನು ಸುಮಾರು 33 ಸಾವಿರ ಮತಗಳಿಂದ ಸೋಲಿಸಿದರು. ಮರುವರ್ಷ ಪಾಟೀಲರು ಅನರ್ಹತೆ ದಾಟಿ ಬಿಜೆಪಿಗೆ ಬಂದರು, ಕಾಗೆ ಕಾಂಗ್ರೆಸ್‌ಗೆ ಹೋದರು. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಪಾಟೀಲರೇ ಗೆದ್ದರು, ಅಂತರ 18,557ಕ್ಕೆ ಇಳಿಯಿತು. 2023ರಲ್ಲಿ ಅವೇ ಚಿಹ್ನೆಗಳಲ್ಲಿ ಅವರಿಬ್ಬರೇ ಎದುರಾದಾಗ ಕಾಗೆ ಸುಮಾರು 9 ಸಾವಿರದಿಂದ ಗೆದ್ದರು.

ಮೂರೂ ಸಲ ಒಬ್ಬರು ಮರಾಠಾ, ಇನ್ನೊಬ್ಬರು ಲಿಂಗಾಯತ. ಅಭ್ಯರ್ಥಿಗಳ ಜಾತಿ ಬದಲಾಗಲಿಲ್ಲ, ಫಲಿತಾಂಶ ಬದಲಾಯಿತು. ಬದಲಾಗದೇ ಇದ್ದದ್ದು ಬದಲಾವಣೆಗೆ ಕಾರಣವಾಗಲಾರದು. ಈ ಒಂದು ಮಾತು ಕೈಯಲ್ಲಿದ್ದರೆ ಚುನಾವಣೆಯ ಮರುದಿನ ಕಟ್ಟೆಯ ಮೇಲೆ ನಡೆಯುವ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಅಥಣಿಯದು ಇನ್ನೂ ಸ್ಪಷ್ಟ. 2018ರಲ್ಲಿ ಕಾಂಗ್ರೆಸ್‌ನ ಮಹೇಶ ಕುಮಠಳ್ಳಿ ಬಿಜೆಪಿಯ ಲಕ್ಷ್ಮಣ ಸವದಿ ಅವರನ್ನು 2,331 ಮತಗಳಿಂದ ಸೋಲಿಸಿದರು. 2019ರ ಉಪಚುನಾವಣೆಯಲ್ಲಿ ಕುಮಠಳ್ಳಿ ಬಿಜೆಪಿಯಿಂದ ನಿಂತಾಗ ಸವದಿ ಅದೇ ಪಕ್ಷದ ಉಪಮುಖ್ಯಮಂತ್ರಿ. ಕುಮಠಳ್ಳಿಯವರ ಗೆಲುವಿನ ಅಂತರ 39,989. ಟಿಕೆಟ್ ತಪ್ಪಿದ ಸವದಿ 2023ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಸೇರಿ ಅದೇ ಕುಮಠಳ್ಳಿಯವರನ್ನು 76,122 ಮತಗಳಿಂದ ಸೋಲಿಸಿದರು. 2018ರಲ್ಲಿ ಕೈಗೆ ಒತ್ತಿದ ಎಷ್ಟೋ ಬೆರಳು 2023ರಲ್ಲಿ ಕಮಲಕ್ಕೆ, ಕಮಲಕ್ಕೆ ಒತ್ತಿದ ಎಷ್ಟೋ ಬೆರಳು ಕೈಗೆ ಹೋಗದೆ ಇಂಥ ಅಂಕಿ ಬರುವುದಿಲ್ಲ. ನೋಂದಾಯಿತ ರಿಪಬ್ಲಿಕನ್, ನೋಂದಾಯಿತ ಡೆಮಾಕ್ರಾಟ್ ಎಂದು ಮತದಾರರ ಪಟ್ಟಿಯಲ್ಲೇ ಬರೆಸಿಕೊಳ್ಳುವ ಪದ್ಧತಿ ಹಲವು ರಾಜ್ಯಗಳಲ್ಲಿರುವ ಅಮೆರಿಕದಲ್ಲಿ ಇದು ಊಹೆಗೂ ಮೀರಿದ್ದು.

ನಿಮ್ಮ ಭಾಗದಲ್ಲಿ ಪಕ್ಷದ ಜಾಗವನ್ನು ಬಹಳಷ್ಟು ಮಟ್ಟಿಗೆ ಸಕ್ಕರೆ ಕಾರ್ಖಾನೆ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ), ಡಿಸಿಸಿ ಬ್ಯಾಂಕು ತುಂಬಿವೆ. ಕಬ್ಬು ಯಾವಾಗ ಕಡಿಯುತ್ತಾರೆ, ಬಿಲ್ಲು ಯಾವಾಗ ಬರುತ್ತದೆ, ಬೆಳೆಸಾಲ ಯಾರ ಮಾತಿಗೆ ಸಿಗುತ್ತದೆ ಎಂಬುದರ ಸುತ್ತ ಬೆಳೆದ ನಂಟು ನಾಯಕನ ಜೊತೆಗೇ ಪಕ್ಷಾಂತರ ಮಾಡುತ್ತದೆ. ಜಾರಕಿಹೊಳಿ ಸಹೋದರರಲ್ಲಿ ಸತೀಶ ಕಾಂಗ್ರೆಸ್‌ನಲ್ಲಿ, ರಮೇಶ ಮತ್ತು ಬಾಲಚಂದ್ರ ಬಿಜೆಪಿಯಲ್ಲಿ ಇರುವುದನ್ನು ಜಿಲ್ಲೆಯ ಜನ ಸಹಜವೆಂದೇ ಒಪ್ಪಿಕೊಂಡಿರುವುದಕ್ಕೂ ಇದೇ ಕಾರಣ.

ಪ್ರಶ್ನೆ: ರಾಯಬಾಗ, ಕುಡಚಿ ಎರಡೂ ಮೀಸಲು ಕ್ಷೇತ್ರ. ನಿಂತವರೆಲ್ಲ ಪರಿಶಿಷ್ಟ ಜಾತಿಯವರೇ ಆದಾಗ ಜಾತಿ ಲೆಕ್ಕ ಎಲ್ಲಿಂದ ಬರುತ್ತದೆ?
(ಪದವಿ ವಿದ್ಯಾರ್ಥಿನಿ, ಹಾರೂಗೇರಿ)

ಉತ್ತರ: ಲೆಕ್ಕ ಅಳಿಯುವುದಿಲ್ಲ, ಜಾಗ ಬದಲಿಸುತ್ತದೆ. ಅಭ್ಯರ್ಥಿಗಳ ನಡುವೆ ಎಡಗೈ, ಬಲಗೈ ಎಂಬ ಒಳಪಂಗಡಗಳ ಪ್ರಶ್ನೆ ಬರುತ್ತದೆ. ಮತದಾರರಲ್ಲಿ ಹೆಚ್ಚಿನವರು ಬೇರೆ ಸಮುದಾಯದವರು. ಅವರಿಗೆ ತಮ್ಮವರೆನ್ನುವ ಅಭ್ಯರ್ಥಿ ಇರುವುದಿಲ್ಲವಾದ್ದರಿಂದ ಪಕ್ಷಕ್ಕೋ ವ್ಯಕ್ತಿಗೋ ಹೆಚ್ಚು ತೂಕ. 2023ರಲ್ಲಿ ರಾಯಬಾಗದಲ್ಲಿ ಬಿಜೆಪಿಯ ದುರ್ಯೋಧನ ಐಹೊಳೆ ಗೆದ್ದರು. ಅವರ ಬೆನ್ನಿಗೇ ಬಂದವರು ಪಕ್ಷೇತರರಾಗಿ ನಿಂತ ನಿವೃತ್ತ ಐಎಎಸ್ ಅಧಿಕಾರಿ ಶಂಭು ಕಲ್ಲೋಳಿಕರ; ಕಾಂಗ್ರೆಸ್ ಮೂರನೆಯದು. ಚಿಹ್ನೆ ಹೊಸದು, ಪಕ್ಷದ ಬಲವಿಲ್ಲ, ಆದರೂ ಎರಡನೆಯ ಸ್ಥಾನ.

ಚಿಕ್ಕೋಡಿ ಲೋಕಸಭೆಯೂ 2004ರ ಚುನಾವಣೆಯವರೆಗೆ ಮೀಸಲಾಗಿತ್ತು. 1967ರಿಂದ 1991ರವರೆಗೆ ಬಿ. ಶಂಕರಾನಂದ ಸತತ ಏಳು ಬಾರಿ ಕಾಂಗ್ರೆಸ್‌ನಿಂದ ಗೆದ್ದರು. 1996ರಲ್ಲಿ ಅವರನ್ನು ಸೋಲಿಸಿದವರು ಜನತಾದಳದ ರತ್ನಮಾಲಾ ಸವಣೂರ. ಮುಂದೆ ರಮೇಶ ಜಿಗಜಿಣಗಿ 1998ರಲ್ಲಿ ಲೋಕಶಕ್ತಿ, 1999ರಲ್ಲಿ ಜೆಡಿಯು, 2004ರಲ್ಲಿ ಬಿಜೆಪಿ ಎಂದು ಮೂರು ಪಕ್ಷಗಳಿಂದ ಮೂರು ಸಲ ಗೆದ್ದರು. ವ್ಯಕ್ತಿಯ ಹಿಂದೆ ಹೋಗುವ ಅಭ್ಯಾಸ ಇಲ್ಲಿ ಹೊಸದಲ್ಲ.

ಪ್ರಶ್ನೆ: 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿ ಗೆದ್ದಾಗ ‘ಲಿಂಗಾಯತ ವೋಟು ಒಡೆಯಿತು’ ಎಂದರು. ‘ಅಹಿಂದ ಒಂದಾಯಿತು’ ಎಂದರು. ನಿಪ್ಪಾಣಿಯಲ್ಲಂತೂ ‘ಮರಾಠಿ ವೋಟು ಇಷ್ಟು’ ಎಂದು ಸಾವಿರದ ಲೆಕ್ಕದಲ್ಲೇ ಹೇಳುತ್ತಾರೆ. ಇದನ್ನೆಲ್ಲ ಎಣಿಸಿದವರು ಯಾರು?
(ಅಂಗಡಿ ಮಾಲೀಕರು, ನಿಪ್ಪಾಣಿ)

ಉತ್ತರ: ಯಾರೂ ಎಣಿಸಿಲ್ಲ. ಮತಯಂತ್ರ ಜಾತಿಯನ್ನೂ ಭಾಷೆಯನ್ನೂ ಕೇಳುವುದಿಲ್ಲ. ದೇಶದಲ್ಲಿ ಎಲ್ಲ ಜಾತಿಗಳ ಎಣಿಕೆಯ ಅಂಕಿ ಪ್ರಕಟವಾದ ಕೊನೆಯ ಜನಗಣತಿ 1931ರದು. ಪಕ್ಷದ ಕಚೇರಿಗಳಲ್ಲಿ ಓಡಾಡುವ ಜಾತಿವಾರು ಪಟ್ಟಿಗಳು ಅಂದಾಜು, ಕೆಲವೊಮ್ಮೆ ಟಿಕೆಟ್ ಕೇಳುವವರ ಆಸೆ. ಮತದಾನದ ನಂತರದ ಸಮೀಕ್ಷೆಗಳು ರಾಜ್ಯಮಟ್ಟದಲ್ಲಿ ಒಂದಿಷ್ಟು ಹೇಳಬಲ್ಲವು, ಒಂದು ತಾಲ್ಲೂಕಿನ ಬಗ್ಗೆ ಅಲ್ಲ. ಕೇಳಿದವರಿಗೆ ಜನ ನಿಜ ಹೇಳುತ್ತಾರೆಂಬ ಖಾತ್ರಿಯೂ ಇಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಚುನಾವಣೆಯಲ್ಲಿ ಸಮೀಕ್ಷೆಗಳಲ್ಲಿ ಮುಂದಿದ್ದ ಕಪ್ಪು ಅಭ್ಯರ್ಥಿ ಟಾಮ್ ಬ್ರಾಡ್ಲಿ ಸೋತರು. ಬಿಳಿಯರು ಮನಸ್ಸಿನ ಮಾತು ಮುಚ್ಚಿಟ್ಟಿದ್ದರೇ ಎಂಬ ಚರ್ಚೆ ಇಂದಿಗೂ ಇದೆ.

ಎಣಿಸಿದ ಅಂಕಿ ಏನು ಹೇಳುತ್ತದೆ ನೋಡಿ. 2014ರಲ್ಲಿ ಕಾಂಗ್ರೆಸ್‌ನ ಪ್ರಕಾಶ ಹುಕ್ಕೇರಿ 3,003 ಮತಗಳಿಂದ ಬಿಜೆಪಿಯ ರಮೇಶ ಕತ್ತಿ ವಿರುದ್ಧ ಗೆದ್ದರು. 2019ರಲ್ಲಿ ಅದೇ ಹುಕ್ಕೇರಿ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ ಎದುರು 1,18,877 ಮತಗಳಿಂದ ಸೋತರು. ಎರಡೂ ಸಲ ಇಬ್ಬರೂ ಲಿಂಗಾಯತರು. 2018ರಲ್ಲಿ ಇಲ್ಲಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕಾಂಗ್ರೆಸ್ ನಾಲ್ಕು, ಬಿಜೆಪಿ ನಾಲ್ಕು ಗೆದ್ದಿದ್ದವು. ಅಂದರೆ ಆ ಹೊರಳಿಗೆ ಜಾತಿಯೂ ಕಾರಣವಲ್ಲ, ಸ್ಥಳೀಯ ಶಾಸಕರೂ ಅಲ್ಲ. ಮತದಾರರು ಪ್ರಧಾನಿಯ ಹೆಸರಿಗೆ ಮತ ಹಾಕಿದ್ದಿರಬಹುದು. 2024ರಲ್ಲಿ ಸಾಮಾನ್ಯ ಕ್ಷೇತ್ರದಲ್ಲಿ ಪರಿಶಿಷ್ಟ ಪಂಗಡದ 27ರ ಯುವತಿ ಲಿಂಗಾಯತ ಸಂಸದರನ್ನು 90,834 ಮತಗಳಿಂದ ಸೋಲಿಸಿದರು. ಅಷ್ಟರಲ್ಲಿ ಸವದಿ ಕಾಂಗ್ರೆಸ್‌ಗೆ ಬಂದಿದ್ದರು, ಎಂಟರಲ್ಲಿ ಐದು ಕ್ಷೇತ್ರ ಕಾಂಗ್ರೆಸ್ ಕೈಯಲ್ಲಿತ್ತು, ತಂದೆ ಸತೀಶ ಜಾರಕಿಹೊಳಿ ಸಚಿವರಾಗಿದ್ದರು, ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳ ಹಣ ಮನೆಗೆ ಬರುತ್ತಿತ್ತು. ಲಿಂಗಾಯತ ಮತದಾರರ ದೊಡ್ಡ ಪಾಲು ಜಾತಿ ಬಿಟ್ಟು ಹಾಕದಿದ್ದರೆ ಈ ಅಂತರ ಕಷ್ಟ.

ಇನ್ನು ನಿಮ್ಮ ನಿಪ್ಪಾಣಿ. ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದವೂ ಅದರ ಕುರಿತ ಮಹಾಜನ ವರದಿಯೂ ಮನೆಮಾತಾದ ಊರು. 1999ರಿಂದ ಮೂರು ಸಲ ಕಾಂಗ್ರೆಸ್‌ನ ಕಾಕಾಸಾಹೇಬ ಪಾಟೀಲ, 2013ರಿಂದ ಮೂರು ಸಲ ಬಿಜೆಪಿಯ ಶಶಿಕಲಾ ಜೊಲ್ಲೆ. 2023ರಲ್ಲಿ ಎನ್‌ಸಿಪಿಯ ಉತ್ತಮ ಪಾಟೀಲ ಎರಡನೆಯವರಾದರು, ಕಾಕಾಸಾಹೇಬ ಮೂರನೆಯವರು. ಅವರಿಬ್ಬರ ಮತ ಕೂಡಿಸಿದರೆ ಜೊಲ್ಲೆಯವರದಕ್ಕಿಂತ ಹೆಚ್ಚು. ಮರಾಠಿ ಮನೆಮಾತಿನವರೆಲ್ಲ ಒಂದೇ ಗಂಟಾಗಿ ಮತ ಹಾಕುವುದು ನಿಜವಾಗಿದ್ದರೆ ಹೀಗೆ ಮೂರು ದಾರಿಯಾಗುತ್ತಿರಲಿಲ್ಲ.

ಹಾಗೆಂದು ಜಾತಿ ಏನೂ ಅಲ್ಲವೆನ್ನಬೇಡಿ. ಟಿಕೆಟ್ ಯಾರಿಗೆ ಎಂಬಲ್ಲಿ ಅದರ ಮಾತು ಜೋರು. ಮತಗಟ್ಟೆಗೆ ಹೋಗುವ ಮೊದಲೇ ನಿಮ್ಮ ಆಯ್ಕೆಯನ್ನು ಎರಡು ಮೂರು ಮನೆತನಗಳಿಗೆ ಇಳಿಸಿಬಿಡುವುದು ಅದರ ದೊಡ್ಡ ಕೆಲಸ.

ಪ್ರಶ್ನೆ: ‘ನಿಮ್ಮ ಓಣಿಯವರು ಯಾರಿಗೆ ಹಾಕಿದ್ರಿ ಅಂತ ನಮಗೆ ಗೊತ್ತಾಗ್ತದ, ಸಮಾಜದ ಮಾತು ಮೀರಬ್ಯಾಡ್ರಿ’ ಎಂದು ಹಿರಿಯರೊಬ್ಬರು ಹೆದರಿಸಿದರು. ನಿಜವೇ? ಹಾಗೆ ಹೇಳಬಹುದೇ?
(ಗೃಹಿಣಿ, ಚಿಕ್ಕೋಡಿ)

ಉತ್ತರ: ನಿಮ್ಮ ಮತ ಯಾರಿಗೆ ಹೋಯಿತೆಂದು ಯಾರಿಗೂ ಗೊತ್ತಾಗದು. ಬೂತಿನ ಒಟ್ಟು ಮತ ಮಾತ್ರ ಫಾರ್ಮ್ 20ರಲ್ಲಿ ಪ್ರಕಟವಾಗುತ್ತದೆ. ಒಂದೇ ಸಮುದಾಯದ ಓಣಿಯ ಬೂತಾದರೆ ಒಲವು ತಿಳಿಯುತ್ತದೆ, ಹೆಸರು ತಿಳಿಯದು. ಹಲವು ಬೂತುಗಳ ಮತ ಬೆರೆಸಿ ಎಣಿಸುವ ಟೋಟಲೈಜರ್ ಯಂತ್ರಕ್ಕೆ ಚುನಾವಣಾ ಆಯೋಗ ಸಲಹೆ ಮಾಡಿತ್ತು; ಅದು ಜಾರಿಗೆ ಬಂದಿಲ್ಲ.

ಅಭ್ಯರ್ಥಿ, ಅವರ ಏಜೆಂಟ್ ಅಥವಾ ಅವರ ಒಪ್ಪಿಗೆ ಪಡೆದವರು ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123(3) ಕಲಂ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಜಾತಿಯಷ್ಟೇ ಅಲ್ಲ, ಮತದಾರರ ಜಾತಿ ಎತ್ತಿದರೂ ಅಷ್ಟೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು–ಮೂರರ ಬಹುಮತದಿಂದ ಹೇಳಿದೆ. ಸಾಬೀತಾದರೆ ಆಯ್ಕೆಯೇ ರದ್ದಾಗುತ್ತದೆ. ಫಲಿತಾಂಶ ಬಂದ 45 ದಿನಗಳೊಳಗೆ ಕ್ಷೇತ್ರದ ಯಾವ ಮತದಾರರೂ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಪ್ರಚಾರದ ದಿನಗಳಲ್ಲಾದರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೊ ಅಥವಾ ವಿಡಿಯೊ ಹಾಕಿ ದೂರು ಕೊಡಿ. ಹೆಸರು ತಿಳಿಸದೆಯೂ ಕೊಡಬಹುದು.