ಸ್ತನ ಕ್ಯಾನ್ಸರ್: ಬೀಜದ ಗುಣ, ನೆಲದ ಗುಣ

ಸ್ತನದಲ್ಲಿ ಹುಟ್ಟಿದ ಗಂಟು ಅಲ್ಲಿಯೇ ಉಳಿದರೆ ಅದರಿಂದ ಪ್ರಾಣಹಾನಿಯಾಗುವುದು ವಿರಳ. ಗಂಟಿನಿಂದ ಕಳಚಿಕೊಂಡ ಜೀವಕೋಶಗಳು ರಕ್ತದೊಡನೆ ಹರಿದು ದೂರದ ಅಂಗಗಳಲ್ಲಿ ಬೇರೂರಿದಾಗ ರೋಗಿಯ ಜೀವಕ್ಕೆ ಅಪಾಯ ಒದಗುತ್ತದೆ. ಸ್ತನ ಕ್ಯಾನ್ಸರ್ ಹೀಗೆ ಹರಡುವ ದೂರದ ಅಂಗಗಳಲ್ಲಿ ಮುಖ್ಯವಾದವು ನಾಲ್ಕು: ಮೂಳೆ, ಶ್ವಾಸಕೋಶ, ಯಕೃತ್ತು ಮತ್ತು ಮೆದುಳು. ಆದರೆ ಒಬ್ಬಾಕೆಯ ಮೂಳೆಯಲ್ಲಿ ಕಾಣಿಸಿಕೊಂಡ ರೋಗ ಇನ್ನೊಬ್ಬಾಕೆಯ ಮೆದುಳಿನಲ್ಲಿ ಕಾಣಿಸಿಕೊಳ್ಳುವುದೇಕೆ? ಹಣೆಬರಹವೆಂದು ಕೆಲವರು, ಸೂಜಿಯೋ ಶಸ್ತ್ರವೋ ತಾಗಿದ್ದರಿಂದ ಹರಡಿತೆಂದು ಕೆಲವರು ಹೇಳುವುದುಂಟು. ವಿಜ್ಞಾನ ಕಂಡುಕೊಂಡ ಕಾರಣ ಬೇರೆಯೇ ಆಗಿದೆ.

ಪ್ಯಾಜೆಟ್ ಮಾಡಿದ ಎಣಿಕೆ

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನ ಕ್ಯಾನ್ಸರಿನಿಂದ ಮೃತಪಟ್ಟ 735 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. 241 ಮಂದಿಯಲ್ಲಿ ರೋಗ ಯಕೃತ್ತಿಗೆ ಹರಡಿತ್ತು; ಗುಲ್ಮಕ್ಕೆ ಹರಡಿದ್ದುದು ಕೇವಲ 17 ಮಂದಿಯಲ್ಲಿ. ಗುಲ್ಮಕ್ಕೂ ರಕ್ತ ಧಾರಾಳವಾಗಿಯೇ ಹರಿಯುತ್ತದೆ. ರಕ್ತ ಒಯ್ದಲ್ಲೆಲ್ಲ ರೋಗ ನೆಲೆಸುವುದಾಗಿದ್ದರೆ ಇಷ್ಟು ದೊಡ್ಡ ಅಂತರ ಬರುತ್ತಿರಲಿಲ್ಲ. ಬೀಜ ಎಲ್ಲ ದಿಕ್ಕಿಗೂ ಚೆಲ್ಲಬಹುದು, ಆದರೆ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಪ್ಯಾಜೆಟ್ ಅವರ ತೀರ್ಮಾನ. ಎರೆಭೂಮಿಯಲ್ಲಿ ಹುಲುಸಾಗಿ ಬೆಳೆಯುವ ಬಿಳಿಜೋಳ ಮಲೆನಾಡಿನ ಕೆಸರುಗದ್ದೆಗೆ ಒಗ್ಗದೆಂಬುದನ್ನು ಬಲ್ಲ ನಮ್ಮ ರೈತನಿಗೆ ಈ ಮಾತು ಹೊಸದಲ್ಲ.

1928ರಲ್ಲಿ ಅಮೆರಿಕದ ಜೇಮ್ಸ್ ಯೂಯಿಂಗ್ ಇದನ್ನು ಒಪ್ಪದೆ, ರಕ್ತನಾಳಗಳು ಸಾಗುವ ದಾರಿಯೇ ಎಲ್ಲವನ್ನೂ ನಿರ್ಧರಿಸುತ್ತದೆಂದು ವಾದಿಸಿದರು. ಎರಡು ವಾದಗಳಲ್ಲಿಯೂ ಸತ್ಯಾಂಶವಿದೆ. ಕೋಶವು ಎಲ್ಲಿಗೆ ತಲುಪುತ್ತದೆಂಬುದನ್ನು ದಾರಿ ಬಹುಮಟ್ಟಿಗೆ ನಿರ್ಧರಿಸುತ್ತದೆ. ತಲುಪಿದಲ್ಲಿ ಬದುಕುತ್ತದೆಯೇ ಎಂಬುದನ್ನು ಬೀಜದ ಗುಣವೂ ನೆಲದ ಗುಣವೂ ಕೂಡಿ ನಿರ್ಧರಿಸುತ್ತವೆ.

ಬೀಜದೊಳಗಿನ ಜೀನುಗಳು

ಬೀಜದ ಈ ಗುಣ ಅಡಗಿರುವುದು ಜೀವಕೋಶದ ಜೀನುಗಳಲ್ಲಿ. ನ್ಯೂಯಾರ್ಕಿನಲ್ಲಿ ಜೋನ್ ಮಸಾಗೇ ಮತ್ತು ಅವರ ಸಂಗಡಿಗರು ಮಾನವರ ಸ್ತನ ಕ್ಯಾನ್ಸರ್ ಕೋಶಗಳನ್ನು ಇಲಿಗಳ ರಕ್ತಕ್ಕೆ ಸೇರಿಸಿ, ಯಾವ ಅಂಗದಲ್ಲಿ ಯಾವ ಕೋಶಗಳು ನೆಲೆಸಿದವೆಂದು ಬೇರ್ಪಡಿಸಿ ನೋಡಿದರು. ಮೂಳೆ ಸೇರಿದ ಕೋಶಗಳಲ್ಲಿ ಒಂದು ಗುಂಪಿನ ಜೀನುಗಳು ಚುರುಕಾಗಿದ್ದುವೆಂದು 2003ರಲ್ಲಿಯೂ, ಶ್ವಾಸಕೋಶ ಸೇರಿದವುಗಳಲ್ಲಿ ಬಹುಮಟ್ಟಿಗೆ ಬೇರೊಂದು ಗುಂಪಿನವು ಚುರುಕಾಗಿದ್ದುವೆಂದು 2005ರಲ್ಲಿಯೂ ಪ್ರಕಟಿಸಿದರು. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ಬಿಗಿಯಾದ ತಡೆಯನ್ನು ದಾಟಲು ನೆರವಾಗುವ ಜೀನುಗಳ ವಿವರ 2009ರಲ್ಲಿ ಹೊರಬಂದಿತು.

ಮೂಳೆಯ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಆರೋಗ್ಯವಂತ ಮೂಳೆಯಲ್ಲಿಯೂ ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಸದಾ ದುಡಿಯುತ್ತಿರುತ್ತವೆ. ಅಲ್ಲಿ ನೆಲೆಸಿದ ಕ್ಯಾನ್ಸರ್ ಕೋಶಗಳು ಸ್ರವಿಸುವ ವಸ್ತುಗಳು ಕರಗಿಸುವ ಕೋಶಗಳನ್ನು ಕೆರಳಿಸುತ್ತವೆ. ಮೂಳೆ ಕರಗಿದಾಗ ಅದರಲ್ಲಿ ಹುದುಗಿದ್ದ ಬೆಳವಣಿಗೆಯ ಅಂಶಗಳು ಹೊರಬಂದು ಮತ್ತೆ ಕ್ಯಾನ್ಸರನ್ನೇ ಪೋಷಿಸುತ್ತವೆ. ಜೋಲೆಡ್ರಾನಿಕ್ ಆಮ್ಲದಂಥ ಔಷಧಗಳು ಮೂಳೆ ಕರಗುವುದನ್ನು ತಗ್ಗಿಸಿ ಈ ವಿಷಚಕ್ರಕ್ಕೆ ತಡೆಯೊಡ್ಡುತ್ತವೆ.

‘ವಂಶವಾಹಿ’ ಎಂಬ ಮಾತು

ಜೀನಿಗೆ ಕನ್ನಡದಲ್ಲಿ ‘ವಂಶವಾಹಿ’ ಎಂಬ ಹೆಸರಿದೆ. ಇದರಿಂದ ರೋಗ ಹರಡುವ ಗುಣವೂ ತಾಯಿಯಿಂದ ಮಗಳಿಗೆ ಬರುವುದೆಂಬ ಭಯ ಹುಟ್ಟಬಹುದು. ಆದರೆ ಮೇಲೆ ಹೇಳಿದ ಬದಲಾವಣೆಗಳು ಗಂಟಿನ ಕೋಶಗಳಲ್ಲಿಯೇ ಉಂಟಾದವು. ಅವು ಮಕ್ಕಳಿಗೆ ಸಾಗುವುದಿಲ್ಲ. ಆನುವಂಶಿಕವಾಗಿ ಬರುವ ದೋಷಗಳು ಬೇರೆ. 1994 ಮತ್ತು 1995ರಲ್ಲಿ ಗುರುತಿಸಲಾದ ಬಿಆರ್‌ಸಿಎ-1, ಬಿಆರ್‌ಸಿಎ-2 ಎಂಬ ಜೀನುಗಳಲ್ಲಿನ ದೋಷವು ರೋಗ ಬರುವ ಸಂಭವವನ್ನು ಬಹಳ ಹೆಚ್ಚಿಸುತ್ತದೆ. ಇಂಥ ದೋಷ ತಂದೆಯ ಕಡೆಯಿಂದಲೂ ಬರಬಹುದು. ಆದರೆ ಸ್ತನ ಕ್ಯಾನ್ಸರ್ ಬಂದವರಲ್ಲಿ ಇಂಥ ದೋಷವುಳ್ಳವರು ಅಲ್ಪಸಂಖ್ಯಾತರು.

ಮೂರು ಪರೀಕ್ಷೆಗಳು

ಗಂಟಿನ ಸ್ವಭಾವವನ್ನು ತಿಳಿಯಲು ಆಸ್ಪತ್ರೆಗಳಲ್ಲಿ ಮೂರು ಪರೀಕ್ಷೆಗಳನ್ನು ಮಾಡುತ್ತಾರೆ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಗ್ರಾಹಕಗಳು ಕೋಶದಲ್ಲಿ ಇವೆಯೇ, ಹರ್-2 ಎಂಬ ಪ್ರೋಟೀನು ಮಿತಿಮೀರಿದೆಯೇ ಎಂಬುದೇ ಈ ಪರೀಕ್ಷೆಗಳ ವಿಷಯ. ಹಾರ್ಮೋನು ಗ್ರಾಹಕಗಳುಳ್ಳ ಕ್ಯಾನ್ಸರ್ ಹರಡಿದಾಗ ಹೆಚ್ಚಾಗಿ ಮೂಳೆಯನ್ನು ಸೇರುತ್ತದೆ. ಹತ್ತು ಹದಿನೈದು ವರ್ಷ ಸದ್ದಿಲ್ಲದೆ ಇದ್ದು ಮರಳಿ ಬರುವುದೂ ಉಂಟು. ಹರ್-2 ಹೆಚ್ಚಾಗಿರುವುದು ಯಕೃತ್ತು, ಮೆದುಳುಗಳತ್ತ ಒಲಿಯುತ್ತದೆ. ಮೂರೂ ಇಲ್ಲದಿರುವುದು ಶ್ವಾಸಕೋಶ, ಮೆದುಳುಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಅದು ಮರಳುವುದಿದ್ದರೆ ಸಾಮಾನ್ಯವಾಗಿ ಮೊದಲ ಐದು ವರ್ಷಗಳಲ್ಲಿ ಮರಳುತ್ತದೆ. ಇವು ಒಲವುಗಳೇ ಹೊರತು ನಿಯಮಗಳಲ್ಲ. ಎಷ್ಟೋ ಮಂದಿಯಲ್ಲಿ ರೋಗ ಎಂದಿಗೂ ಹರಡುವುದಿಲ್ಲ.

ಮನೆಯವರು ನೆನಪಿಡಬೇಕಾದುದು

ಕೆಲಸದ ನಿಮಿತ್ತ ಒಂದು ನಗರದಿಂದ ಇನ್ನೊಂದಕ್ಕೆ ವರ್ಗವಾಗುವ ಕುಟುಂಬಗಳಲ್ಲಿ ಹಳೆಯ ಕಾಗದಪತ್ರಗಳು ಕಳೆದುಹೋಗುವುದು ಸಾಮಾನ್ಯ. ಆದರೆ ಈ ಮೂರು ಪರೀಕ್ಷೆಗಳ ವರದಿಯನ್ನು ಮನೆಯ ಪತ್ರದಷ್ಟೇ ಜೋಪಾನವಾಗಿ ಇಡಬೇಕು. ಹಲವು ವರ್ಷಗಳ ಅನಂತರ ಬೇರೊಂದು ಊರಿನ ವೈದ್ಯರು ರೋಗಿಯನ್ನು ನೋಡುವಾಗ ಅವರಿಗೆ ಮೊದಲು ಬೇಕಾಗುವುದು ಅದೇ. ರೋಗ ಮರಳಿದಾಗ ಗ್ರಾಹಕಗಳು ಬದಲಾಗಿರಬಹುದಾದ್ದರಿಂದ, ಹೊಸ ಜಾಗದಿಂದ ಸೂಜಿಯ ಮೂಲಕ ಚೂರು ತೆಗೆದು ಪರೀಕ್ಷಿಸಲು ವೈದ್ಯರು ಸೂಚಿಸಿದರೆ ಹಿಂಜರಿಯಬಾರದು. ಅದರಿಂದ ರೋಗ ಹರಡೀತೆಂಬ ಭಯದಿಂದ ಪರೀಕ್ಷೆಯನ್ನು ನಿರಾಕರಿಸಿದರೆ ಸರಿಯಾದ ಔಷಧವನ್ನು ಆರಿಸುವ ಅವಕಾಶ ತಪ್ಪಿಹೋಗುತ್ತದೆ.

ಚಿಕಿತ್ಸೆ ಮುಗಿದು ಎಷ್ಟೇ ವರ್ಷಗಳಾಗಿರಲಿ, ವಾರಗಟ್ಟಲೆ ಬಿಡದ ಬೆನ್ನುನೋವು ಅಥವಾ ಮೂಳೆನೋವು, ಕಾರಣವಿಲ್ಲದ ಏದುಸಿರು, ಹೊಸದಾಗಿ ಕಾಡುವ ತಲೆನೋವು, ಕಣ್ಣು ಹಳದಿಯಾಗುವುದು ಇವನ್ನು ಮನೆಗೆಲಸದ ಆಯಾಸವೆಂದೋ ವಯಸ್ಸಿನ ದೋಷವೆಂದೋ ತಳ್ಳಿಹಾಕಬಾರದು. ಹಾಗೆಂದು ಯಾವ ತೊಂದರೆಯೂ ಇಲ್ಲದವರು ಭಯದಿಂದ ಮೇಲಿಂದ ಮೇಲೆ ಸ್ಕ್ಯಾನ್ ಮಾಡಿಸಿಕೊಂಡರೆ ಆಯುಸ್ಸು ಹೆಚ್ಚುವುದಿಲ್ಲ. ವೈದ್ಯರು ಹೇಳಿದ ಕಾಲಕ್ಕೆ ತಪಾಸಣೆ, ಸ್ತನದ ಮ್ಯಾಮೋಗ್ರಾಂ ಮತ್ತು ತಪ್ಪದೆ ಔಷಧ ಸೇವನೆ, ಇಷ್ಟು ಸಾಕು.

ರೋಗ ಎಲ್ಲಿಗೆ ಹರಡಿತೆಂಬುದರಲ್ಲಿ ರೋಗಿಯ ತಪ್ಪೇನೂ ಇಲ್ಲ. ತಾನು ಏನೋ ಮಾಡಬಾರದ್ದನ್ನು ಮಾಡಿದೆನೆಂದು ಕೊರಗುವ ತಾಯಿಗೆ, ಅಕ್ಕನಿಗೆ ಈ ಒಂದು ಮಾತನ್ನು ಮನೆಯವರು ತಿಳಿಸಿ ಹೇಳಿದರೆ, ಅದೂ ಚಿಕಿತ್ಸೆಯ ಒಂದು ಭಾಗವೇ ಆಗುತ್ತದೆ.